ಡಬ್ಬ ತನ್ನಿ, ಲೋಟವನ್ನೂ ತನ್ನಿ

"ಮೇಡಂ, ಡಯಟ್ ಮಾಡ್ತಿದ್ದೀನಿ, ಜಿಮ್‌ಗೂ ತಪ್ಪದೆ ಹೋಗ್ತಿದ್ದೀನಿ. ಆದರೂ ತೂಕ ಏರಿದೆ. ಪ್ರೋಟೀನ್ ಪೌಡರ್‌ನಿಂದಲೇ ಇರಬೇಕು, ಅಲ್ವಾ?"

ನಾನು ದಾವಣಗೆರೆಯಲ್ಲಿ ಡಯಟಿಷಿಯನ್. ಬೆಳಿಗ್ಗೆ ಕ್ಲಿನಿಕ್ಕು, ಸಂಜೆ ಒಂದು ಜಿಮ್‌ನಲ್ಲಿ ಕೂರುತ್ತೇನೆ. ಈ ಪ್ರಶ್ನೆ ಎರಡೂ ಕಡೆ ಬರುತ್ತದೆ. ಫೋನಿನಲ್ಲಿ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ. ಡಬ್ಬ ತನ್ನಿ, ಅದರೊಳಗಿನ ಸ್ಕೂಪ್ ತನ್ನಿ, ಯಾವುದರಲ್ಲಿ ಕಲಸಿ ಕುಡಿಯುತ್ತೀರೋ ಆ ಲೋಟವನ್ನೂ ತನ್ನಿ ಅನ್ನುತ್ತೇನೆ. ಕೆಲವರಿಗೆ ನಗು ಬರುತ್ತದೆ. ಆದರೆ ಈ ಕೆಲಸದಲ್ಲಿ ಕಲಿತದ್ದರಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಏನು ತಿಂದಿರಿ ಅಂತ ಕೇಳಿದರೆ ಜನ ನೆನಪಿಗೆ ಬಂದದ್ದನ್ನು ಹೇಳುತ್ತಾರೆ, ಅದರಲ್ಲಿ ಅರ್ಧ ಬಿಟ್ಟುಹೋಗಿರುತ್ತದೆ. ಹೇಗೆ ಮಾಡಿಕೊಂಡು ಕುಡೀತೀರಿ, ಮಾಡಿ ತೋರಿಸಿ ಅಂದರೆ ಎಲ್ಲ ಹೊರಗೆ ಬರುತ್ತದೆ.

ಒಬ್ಬ ಹುಡುಗ ಬಂದಿದ್ದ, ಬ್ಯಾಂಕಿನಲ್ಲಿ ಕೆಲಸ. ರಾತ್ರಿ ಮುದ್ದೆ ಬಿಟ್ಟಿದ್ದ, ಅನ್ನ ಬಿಟ್ಟಿದ್ದ, ಅದರ ಬದಲು "ಬರೀ ಪ್ರೋಟೀನ್" ಅಂದ. ಡಬ್ಬದ ಮೇಲೆ ಒಂದು ಸ್ಕೂಪ್‌ಗೆ 24 ಗ್ರಾಂ ಪ್ರೋಟೀನ್, 120 ಕ್ಯಾಲೊರಿ ಅಂತ ಇತ್ತು. ಒಳ್ಳೆಯ ಪುಡಿಯೇ. ಮಾಡಿ ತೋರಿಸು ಅಂದೆ. ಎರಡು ಸ್ಕೂಪ್, ಎರಡೂ ತುಂಬಿ ತುಳುಕುವಂತೆ. ಅರ್ಧ ಲೀಟರ್ ಗಟ್ಟಿ ಹಾಲು. ಎರಡು ಪಚ್ಚಬಾಳೆ. ಮೇಲೆ ಎರಡು ದೊಡ್ಡ ಚಮಚ ಪೀನಟ್ ಬಟರ್, "ಟೇಸ್ಟ್‌ಗೆ ಮೇಡಂ". ಅಲ್ಲೇ ಕೂತು ಕೂಡಿಸಿದೆವು. ಪುಡಿ 280ರ ಆಸುಪಾಸು, ಹಾಲು 400ಕ್ಕೂ ಮೇಲೆ, ಬಾಳೆಹಣ್ಣು 200, ಕಡಲೆಕಾಯಿ ಬೆಣ್ಣೆ ಹತ್ತಿರ ಹತ್ತಿರ 190. ಸಾವಿರ ಕ್ಯಾಲೊರಿ ದಾಟಿತು. ಅವನ ಲೆಕ್ಕದಲ್ಲಿ ಅದು 120. ಮುದ್ದೆ, ಸಾರು ಉಂಡಿದ್ದರೆ ಇದರ ಅರ್ಧವೂ ಆಗುತ್ತಿರಲಿಲ್ಲ.

ಅವನಿಗೆ ಪುಡಿ ಬಿಡು ಅನ್ನಲಿಲ್ಲ. ನೀರಿನಲ್ಲಿ ಕಲಸು, ಸ್ಕೂಪಿನ ಮೇಲೆ ಬೆರಳಾಡಿಸಿ ಸಮ ಮಾಡು, ಮುದ್ದೆ ವಾಪಸ್ ತಾ ಅಂದೆ.

ಇನ್ನು ಕೆಲವರ ಡಬ್ಬವೇ ಬೇರೆ ಇರುತ್ತದೆ. ಕಾಲೇಜು ಹುಡುಗರು ಮೂರು ಕೆಜಿ ಚೀಲ ತರುತ್ತಾರೆ. ಅಷ್ಟೇ ದುಡ್ಡಿಗೆ ಜಾಸ್ತಿ ಸಿಗುತ್ತದೆ ಅಂತ ಖುಷಿ. ಅದು ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ ವೇ ಅಲ್ಲ, ತೂಕ ಏರಿಸಲೆಂದೇ ಮಾಡಿದ ಮಾಸ್ ಗೇನರ್. ಹೆಸರಿನಲ್ಲೇ ಇದೆ, ಆದರೂ ಮೇಲಿರುವ ತೋಳಿನ ಚಿತ್ರ ನೋಡಿ ತಂದಿರುತ್ತಾರೆ. ನಮ್ಮ ದೇಶದಲ್ಲಿ ಪ್ಯಾಕೆಟ್ಟಿನ ಹಿಂದೆ ಏನೇನು ಹಾಕಿದ್ದಾರೆ ಅನ್ನುವ ಪಟ್ಟಿಯನ್ನು ಯಾವುದು ಜಾಸ್ತಿಯೋ ಅದನ್ನೇ ಮೊದಲು ಬರೆಯಬೇಕು ಅಂತ ನಿಯಮ. ಹಾಗಾಗಿ ನಾನು ಮೊದಲ ಹೆಸರು ಓದು ಅನ್ನುತ್ತೇನೆ. ಅಲ್ಲಿ ಮಾಲ್ಟೊಡೆಕ್ಸ್‌ಟ್ರಿನ್ ಅಂತ ಇದ್ದರೆ ನೀನು ಕೊಂಡದ್ದು ಹೆಚ್ಚಾಗಿ ಪಿಷ್ಟ, ಬೇಗ ಸಕ್ಕರೆಯಾಗುವ ಪಿಷ್ಟ. ಒಣಕಲು ಹುಡುಗನಿಗೆ ಅದು ಬೇಕಾಗಬಹುದು. ಹೊಟ್ಟೆ ಇಳಿಸಲು ಬಂದವನಿಗೆ ಯಾಕೆ?

ಆದರೆ ಡಬ್ಬ, ಸ್ಕೂಪ್, ಲೋಟ ಎಲ್ಲ ಸರಿ ಇದ್ದೂ ತೂಕ ಏರುವವರು ಕಡಿಮೆಯೇನಿಲ್ಲ. ಹೆಂಗಸರ ಬ್ಯಾಚಿನಲ್ಲಿ ಇದು ತುಂಬ. ಹೊಸದಾಗಿ ಡಂಬ್‌ಬೆಲ್ ಎತ್ತಲು ಶುರು ಮಾಡಿರುತ್ತಾರೆ, ಊಟವೂ ಹಿಡಿತದಲ್ಲಿರುತ್ತದೆ, ಎರಡನೇ ವಾರಕ್ಕೆ ತೂಕ ಒಂದು, ಒಂದೂವರೆ ಕೆಜಿ ಮೇಲೆ. ಅಳುಮುಖ ಮಾಡಿಕೊಂಡು ಬರುತ್ತಾರೆ. ಆಗ ನಾನು ಒಂದು ಲೆಕ್ಕ ಹಾಕಿಸುತ್ತೇನೆ. ಒಂದು ಕೆಜಿ ಕೊಬ್ಬು ಕೂಡಲು ಸುಮಾರು 7,700 ಕ್ಯಾಲೊರಿ ಹೆಚ್ಚುವರಿ ಬೇಕು. ಒಂದೂವರೆ ಕೆಜಿಗೆ ಹನ್ನೊಂದು ಸಾವಿರದ ಮೇಲೆ. ನೀವು ದಿನಾ ಉಣ್ಣುವುದರ ಮೇಲೆ ಅಷ್ಟು ಉಂಡಿದ್ದೀರಾ? ಉಂಡಿದ್ದರೆ ನಿಮಗೇ ಗೊತ್ತಿರುತ್ತಿತ್ತು.

ಹಾಗಾದರೆ ಅದು ಏನು? ಹೆಚ್ಚು ಪಾಲು ನೀರು. ಅಭ್ಯಾಸವಿಲ್ಲದ ಸ್ನಾಯುವಿಗೆ ಕೆಲಸ ಕೊಟ್ಟಾಗ ಒಳಗೆ ಸಣ್ಣ ಪೆಟ್ಟು ಬೀಳುತ್ತದೆ, ಮೈಕೈ ನೋಯುತ್ತದೆ. ಅದು ವಾಸಿಯಾಗುವಾಗ ಅಲ್ಲಿ ನೀರು ನಿಲ್ಲುತ್ತದೆ. ಜೊತೆಗೆ ಸ್ನಾಯು ತನ್ನೊಳಗೆ ಗ್ಲೈಕೋಜನ್ ಜಾಸ್ತಿ ಕೂಡಿಡಲು ಶುರು ಮಾಡುತ್ತದೆ. ಗ್ಲೈಕೋಜನ್ ಅಂದರೆ ನಾವು ತಿಂದ ಅನ್ನ, ರೊಟ್ಟಿಯ ಸಕ್ಕರೆಯನ್ನು ಮೈ ಎತ್ತಿಟ್ಟುಕೊಳ್ಳುವ ರೂಪ. ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಳ್ಳುತ್ತದೆ. ಸ್ನಾಯು, ಲಿವರ್ ಎರಡೂ ಸೇರಿ ಅರ್ಧ ಕೆಜಿಯಷ್ಟು ಗ್ಲೈಕೋಜನ್ ಇಟ್ಟುಕೊಳ್ಳಬಲ್ಲವು. ನೀರೂ ಸೇರಿದರೆ ಎರಡು ಕೆಜಿ. ಬರೀ ಇಷ್ಟರಲ್ಲೇ ತಕ್ಕಡಿ ಹಿಂದೆ ಮುಂದೆ ಆಗುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಬೇರೆ ನೀರು ನಿಲ್ಲುತ್ತದೆ. ಹಿಂದಿನ ರಾತ್ರಿ ಮಂಡಕ್ಕಿ ಮಿರ್ಚಿ, ಉಪ್ಪಿನಕಾಯಿ, ಹಪ್ಪಳ ಆಗಿದ್ದರೆ ಉಪ್ಪಿನ ನೀರು ಬೇರೆ.

ಪುಡಿಯ ಜೊತೆ ಟ್ರೇನರ್ ಕ್ರಿಯಾಟಿನ್ (ಭಾರ ಎತ್ತಲು ಶಕ್ತಿ ಬರಲಿ ಅಂತ ತಗೊಳ್ಳುವ ಇನ್ನೊಂದು ಪುಡಿ) ಕೊಡಿಸಿದ್ದರೆ ಅದನ್ನೂ ಕೇಳಬೇಕು. ದಿನಕ್ಕೆ 3ರಿಂದ 5 ಗ್ರಾಂ ಸಾಮಾನ್ಯ ಅಳತೆ. ಅದು ಸ್ನಾಯುವಿನೊಳಗೆ ನೀರು ಎಳೆಯುತ್ತದೆ, ಆರಂಭದಲ್ಲಿ ಒಂದೆರಡು ಕೆಜಿ ಏರಿಸುತ್ತದೆ. ಇದು ಕೆಟ್ಟದ್ದಲ್ಲ, ಅದರ ಗುಣವೇ ಅದು. ಆದರೆ ಮೊದಲೇ ಹೇಳದಿದ್ದರೆ ಜನ ಗಾಬರಿಯಾಗಿ ಊಟ ಇನ್ನೂ ಕಡಿಮೆ ಮಾಡುತ್ತಾರೆ. ಕ್ರಿಯಾಟಿನ್ ತಗೊಳ್ಳುವಾಗ ರಕ್ತಪರೀಕ್ಷೆಯಲ್ಲಿ, ಕಿಡ್ನಿ ಹೇಗಿದೆ ಅಂತ ತಿಳಿಯಲು ನೋಡುವ ಕ್ರಿಯಾಟಿನಿನ್ ಅಂಕಿ ಸ್ವಲ್ಪ ಏರಿ ಕಾಣಬಹುದು. ಡಾಕ್ಟರಿಗೆ ಹೇಳಿ, ಅವರು ಸುಮ್ನೆ ಕಿಡ್ನಿ ಅಂತ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ. ಕಿಡ್ನಿ ತೊಂದರೆ ಮೊದಲೇ ಇರುವವರ ಮಾತು ಬೇರೆ. ಅವರು ಡಾಕ್ಟರನ್ನು ಕೇಳದೆ ಈ ಯಾವ ಡಬ್ಬವನ್ನೂ ತೆರೆಯಬಾರದು.

ನೀರಿನ ಈ ವಿಷಯ ನಮ್ಮೂರ ಪೈಲ್ವಾನರಿಗೆ ಹೇಳಿಕೊಡಬೇಕಿಲ್ಲ. ದಾವಣಗೆರೆ ಗರಡಿ ಮನೆಗಳ ಊರು. ಕುಸ್ತಿಗೆ ಮುಂಚೆ ತೂಕ ಹಾಕುವ ದಿನ ನೀರು ಬಿಟ್ಟು, ಬೆವರು ಹರಿಸಿ ಎರಡು ಮೂರು ಕೆಜಿ ಇಳಿಸುವುದು, ತೂಕ ಆದ ಮೇಲೆ ಕುಡಿದು ಉಂಡು ಮತ್ತೆ ಏರಿಸುವುದು ಅವರಿಗೆ ಗೊತ್ತಿದ್ದದ್ದೇ. ಮಗಳನ್ನು ಕರೆದುಕೊಂಡು ಬಂದ ಹಳೆಯ ಪೈಲ್ವಾನರೊಬ್ಬರು ನಾನು ಬಾಯಿ ತೆರೆಯುವ ಮುಂಚೆಯೇ, "ಅದು ನೀರಿನ ತೂಕ ಕಣವ್ವಾ, ಇಳೀತೈತಿ ಬಿಡು" ಅಂದರು. ನನ್ನ ಫೀಸು ಉಳಿಯಿತು ಅವರಿಗೆ.

ಇದೇ ನೀರು ಇಳಿಯುವಾಗ ಪುಡಿಯ ಕಂಪನಿಗೆ ಹೆಸರು ಬರುತ್ತದೆ, ಅದು ನನಗೆ ಜಾಸ್ತಿ ಸಿಟ್ಟು ತರಿಸುವ ಸಂಗತಿ. ಅನ್ನ, ಚಪಾತಿ ಬಿಡಿಸಿ ಎರಡು ಹೊತ್ತು ಶೇಕ್ ಕುಡಿಸುತ್ತಾರೆ. ಗ್ಲೈಕೋಜನ್ ಖಾಲಿ, ನೀರು ಖಾಲಿ, ಮೊದಲ ವಾರದಲ್ಲೇ ಎರಡು ಮೂರು ಕೆಜಿ ಕಡಿಮೆ. ತಕ್ಕಡಿಯ ಫೋಟೋ ವಾಟ್ಸಾಪ್ ಸ್ಟೇಟಸ್‌ಗೆ. ಭಾನುವಾರ ಯಾರದೋ ಮದುವೆಯಲ್ಲಿ ಹೋಳಿಗೆ, ಅನ್ನಸಾರು ಉಂಡರೆ ಸೋಮವಾರ ಅದರಲ್ಲಿ ಮುಕ್ಕಾಲು ವಾಪಸ್. ಆಗ ಬೈಗುಳ ಹೋಳಿಗೆಗೆ. ಪಾಪ, ಹೋಳಿಗೆ ಏನು ಮಾಡಿತು?

ಇಷ್ಟೆಲ್ಲ ಹೇಳುವಾಗ ಜನ ಜಿಮ್‌ನ ಬಾಡಿ ಅನಾಲಿಸಿಸ್ ಚೀಟಿ ತೆಗೆದು ಮುಂದಿಡುತ್ತಾರೆ. ಬರಿಗಾಲಲ್ಲಿ ನಿಂತರೆ ಕೊಬ್ಬು ಎಷ್ಟು, ಸ್ನಾಯು ಎಷ್ಟು ಅಂತ ಛಾಪಿಸಿ ಕೊಡುವ ಯಂತ್ರ ಅದು. ಮೈಯೊಳಗೆ ಸಣ್ಣ ಕರೆಂಟ್ ಹಾಯಿಸಿ, ಅದಕ್ಕೆ ಎಷ್ಟು ತಡೆ ಸಿಕ್ಕಿತು ಅಂತ ನೋಡಿ ಅಂದಾಜು ಮಾಡುತ್ತದೆ. ಕೊಬ್ಬನ್ನು ನೇರವಾಗಿ ಅಳೆಯುವುದಿಲ್ಲ. ಮೈಯಲ್ಲಿ ನೀರು ಹೆಚ್ಚು ಕಡಿಮೆಯಾದರೆ ಅಂಕಿಯೂ ಅಲುಗುತ್ತದೆ. ಹಾಗಾಗಿ ಬೆವರಿ ಬಂದು ನಿಂತವರ ಚೀಟಿಯನ್ನೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಿಂತವರ ಚೀಟಿಯನ್ನೂ ಹೋಲಿಸಬೇಡಿ. "ನಿಮ್ಮ ಸ್ನಾಯು ಎರಡು ಕೆಜಿ ಕರಗಿದೆ, ಈ ಡಬ್ಬ ತಗೊಳ್ಳಿ" ಅಂತ ವಾರದೊಳಗೆ ಯಾರಾದರೂ ಹೇಳಿದರೆ ಸುಮ್ನೆ ಎದ್ದು ಬನ್ನಿ.

ಪುಡಿ ಕುಡಿದು ಹೊಟ್ಟೆ ಉಬ್ಬುತ್ತದೆ ಅನ್ನುವವರಿಗೆ ಎರಡು ಮಾತು ಸಾಕು. ವೇ ಕಾನ್ಸನ್‌ಟ್ರೇಟ್ ಅನ್ನುವ ಬಗೆಯ ಪುಡಿಯಲ್ಲಿ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಸ್ವಲ್ಪ ಉಳಿದಿರುತ್ತದೆ. ಹಾಲು ಆಗದವರಿಗೆ ಅದೂ ಆಗುವುದಿಲ್ಲ. ಇನ್ನಷ್ಟು ಶುದ್ಧ ಮಾಡಿದ ಐಸೊಲೇಟ್‌ನಲ್ಲಿ ಅದು ತುಂಬ ಕಡಿಮೆ, ಬೆಲೆ ಮಾತ್ರ ಜಾಸ್ತಿ. ಊಟ ಬಿಟ್ಟು ಪುಡಿ ಕುಡಿಯುವವರಿಗೆ ನಾರು ಸಿಗದೆ ಮಲಬದ್ಧತೆ ಆಗುತ್ತದೆ, ತಕ್ಕಡಿಯಲ್ಲಿ ಅದೂ ತೂಕವೇ.

ನಿಜಕ್ಕೂ ಎಷ್ಟು ಪ್ರೋಟೀನ್ ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಲೆಕ್ಕದಂತೆ ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ. 65 ಕೆಜಿ ಇರುವವರಿಗೆ 54 ಗ್ರಾಂ. ಭಾರ ಎತ್ತುವವರಿಗೆ ನಾನು ಇನ್ನೂ ಜಾಸ್ತಿ ಹೇಳುತ್ತೇನೆ, ಕೆಜಿಗೆ 1.2ರಿಂದ 1.6ರವರೆಗೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ. 100 ಗ್ರಾಂ ಒಣ ಹೆಸರುಕಾಳು ಅಥವಾ ಹುರುಳಿಯಲ್ಲಿ 22ರ ಆಸುಪಾಸು, ಸೋಯಾ ಚಂಕ್ಸ್‌ನಲ್ಲಿ 50ರ ಮೇಲೆ. ಜೋಳದ ರೊಟ್ಟಿ, ಕಾಳು ಪಲ್ಯ, ಮೊಸರು, ಎರಡು ಮೊಟ್ಟೆ ಅಂತ ಕೂಡಿಸುತ್ತ ಹೋದರೆ ಅನೇಕರಿಗೆ ಪುಡಿ ಬೇಕಾಗುವುದೇ ಇಲ್ಲ. 2024ರಲ್ಲಿ ಐಸಿಎಂಆರ್‌ನ ಹೈದರಾಬಾದಿನ ಪೋಷಣೆ ಸಂಸ್ಥೆ ಹೊಸ ಆಹಾರ ಸೂಚನೆಗಳನ್ನು ಹೊರಡಿಸಿದಾಗ, ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಅಂತಲೇ ಹೇಳಿತು. ನಾನು ಅಷ್ಟು ಕಟ್ಟುನಿಟ್ಟಿಲ್ಲ. ಮೊಟ್ಟೆ ಮುಟ್ಟದ ಮನೆಯ, ದಿನಾ ಭಾರ ಎತ್ತುವ ಹುಡುಗಿಗೆ, ಹಲ್ಲಿಲ್ಲದೆ ಊಟ ಸೇರದ ಅಜ್ಜನಿಗೆ ಒಂದು ಸ್ಕೂಪ್ ಅನುಕೂಲವೇ. ವೇ ಅಂದರೆ ಬೇರೇನೂ ಅಲ್ಲ, ಪನೀರ್, ಚೀಸ್ ಮಾಡುವಾಗ ಉಳಿಯುವ ನೀರಿನಿಂದ ತೆಗೆದ ಪ್ರೋಟೀನ್. 2024ರ ಕೊನೆಗೆ ಕೆಎಂಎಫ್ ಅದನ್ನು ಬೆರೆಸಿದ ನಂದಿನಿ ಇಡ್ಲಿ ದೋಸೆ ಹಿಟ್ಟನ್ನೇ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಿಟ್ಟಿತು.

ನನಗೆ ಭಯ ಇರುವುದು ಡಬ್ಬದೊಳಗೆ ಏನಿದೆ ಅನ್ನುವುದರ ಬಗ್ಗೆ. ಕೇರಳದ ಲಿವರ್ ವೈದ್ಯ ಸಿರಿಯಾಕ್ ಆಬಿ ಫಿಲಿಪ್ಸ್ ಮತ್ತು ಜೊತೆಗಾರರು ಭಾರತದಲ್ಲಿ ಸಿಗುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದರು. ಸುಮಾರು 70 ಶೇಕಡಾ ಪುಡಿಗಳಲ್ಲಿ ಲೇಬಲ್ ಹೇಳಿದ್ದಕ್ಕೂ ಒಳಗಿದ್ದ ಪ್ರೋಟೀನಿಗೂ ತಾಳೆಯಾಗಲಿಲ್ಲ. ಲೇಬಲ್ ಇರುವ ಡಬ್ಬಗಳ ಕಥೆಯೇ ಇದು. ಲೇಬಲ್ಲೇ ಇಲ್ಲದ್ದು? ಒಬ್ಬ ವಿದ್ಯಾರ್ಥಿ ತಂದದ್ದು ಪ್ಲಾಸ್ಟಿಕ್ ಕವರಿನಲ್ಲಿ ಬಿಳಿ ಪುಡಿ, ಜೊತೆಗೆ ಹೆಸರಿಲ್ಲದ ಕ್ಯಾಪ್ಸೂಲ್. ಸ್ನೇಹಿತ ಕೊಟ್ಟದ್ದಂತೆ. ತಿಂಗಳೊಪ್ಪತ್ತಿನಲ್ಲಿ ಮೈ ತುಂಬಿತ್ತು, ಅಮ್ಮನಿಗೂ ಸಂತೋಷ. ನನಗೆ ಅವನ ಮುಖ ನೋಡಿಯೇ ಅನುಮಾನ ಬಂತು. ಕೆನ್ನೆ ಗುಂಡಗೆ ಊದಿತ್ತು, ಕೈಕಾಲು ಸಣ್ಣಗೇ ಇದ್ದವು. ದಪ್ಪ ಆಗಲಿ ಅಂತ ಡೆಕ್ಸಾಮೆಥಸೋನ್‌ನಂಥ ಸ್ಟೆರಾಯ್ಡ್ ಕದ್ದು ಬೆರೆಸಿ ಮಾರುವುದುಂಟು. ಇಂಥದ್ದನ್ನು ಒಂದೇ ಸಲ ನಿಲ್ಲಿಸುವುದೂ ಅಪಾಯ. ಅದಕ್ಕೇ ನಾನು ಏನೂ ಹೇಳದೆ ಕವರಿನ ಸಮೇತ ಫಿಜಿಷಿಯನ್ ಹತ್ತಿರ ಕಳಿಸಿದೆ.

ಇಳಿದ ತೂಕವನ್ನೂ ನಂಬಬೇಡಿ ಅನ್ನುವುದಕ್ಕೆ ಮಂಡಿಪೇಟೆಯ ಒಬ್ಬ ವ್ಯಾಪಾರಿ. ಡಯಟ್ ಶೇಕ್ ಕುಡಿದು ಆರು ಕೆಜಿ ಇಳಿದಿತ್ತು. ನನಗೆ ಥ್ಯಾಂಕ್ಸ್ ಹೇಳಲು, ಹೆಂಡತಿಗೂ ಅದೇ ಪುಡಿ ಬರೆಸಿಕೊಳ್ಳಲು ಬಂದಿದ್ದರು. ಡಬ್ಬ ನೋಡಿದೆ, ಲೋಟ ನೋಡಿದೆ, ಊಟ ಕೇಳಿದೆ. ಅಷ್ಟು ಇಳಿಯುವಂಥದ್ದು ಏನೂ ಇರಲಿಲ್ಲ. ಮಾತಿನ ನಡುವೆ ಎರಡು ಸಲ ನೀರು ಕೇಳಿದರು. ರಾತ್ರಿ ಎಷ್ಟು ಸಲ ಏಳ್ತೀರಿ ಸಾರ್ ಅಂದೆ. "ಅದೊಂದು ಕಾಟ ನೋಡಿ" ಅಂದರು. ಖಾಲಿ ಹೊಟ್ಟೆಯ ಸಕ್ಕರೆ 126 ಮುಟ್ಟಿದರೆ ಡಯಾಬಿಟಿಸ್ ಅಂತ ಲೆಕ್ಕ. ಇವರದ್ದು ಅದರ ದುಪ್ಪಟ್ಟು ದಾಟಿತ್ತು. ಇಳಿಸಿದ್ದು ಶೇಕ್ ಅಲ್ಲ. ಹೀಗೆಯೇ ತೂಕ ಇಳಿಯುತ್ತ ಎದೆ ಹೊಡೆದುಕೊಂಡರೆ, ಕೈ ನಡುಗಿದರೆ ಥೈರಾಯ್ಡ್ ನೋಡಿಸಬೇಕು. ನಾಲ್ಕೈದು ದಿನದಲ್ಲಿ ತೂಕ ಏರಿ ಕಾಲು ಊದಿದ್ದರೆ, ಹೆಬ್ಬೆರಳಿನಿಂದ ಒತ್ತಿದಲ್ಲಿ ಗುಳಿ ಉಳಿದರೆ, ಮಲಗಿದಾಗ ಉಸಿರು ಕಟ್ಟಿದರೆ ನನ್ನ ಹತ್ತಿರ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಈಗ ಜಿಮ್‌ನಲ್ಲಿ ಟ್ರೇನರ್ ಜೊತೆ ನನ್ನದೊಂದು ಜಗಳ ನಡೆಯುತ್ತಿದೆ. ಒಳ್ಳೆಯ ಹುಡುಗ, ಡಬ್ಬ ಸಮೇತ ಜನರನ್ನು ನನ್ನ ಹತ್ತಿರ ಕಳಿಸುವವನೂ ಅವನೇ. ಆದರೆ ದಿನಾ ಸಂಜೆ ಎಲ್ಲರ ತೂಕ ಹಾಕಿ ಗ್ರೂಪಿನಲ್ಲಿ ಹಾಕುತ್ತಿದ್ದ. ಬೆಳಿಗ್ಗೆ ಎದ್ದು, ಹೊರಗೆ ಹೋಗಿ ಬಂದು, ಕಾಫಿಗೆ ಮುಂಚೆ ಮನೆಯಲ್ಲೇ ನೋಡಿಕೊಳ್ಳಲಿ, ವಾರದ ಸರಾಸರಿ ತೆಗೆಯಲಿ, ಜೊತೆಗೆ ಹದಿನೈದು ದಿನಕ್ಕೊಮ್ಮೆ ಸೊಂಟಕ್ಕೆ ಟೇಪ್ ಹಿಡಿಯಲಿ ಅಂದೆ. ಹೆಂಗಸರ ಬ್ಯಾಚಿಗೆ ಒಪ್ಪಿದ. ಹುಡುಗರ ಬ್ಯಾಚಿಗೆ ಮಾತ್ರ ಬಿಲ್ಕುಲ್ ಆಗಲ್ಲ ಅಂತಾನೆ. ಅವರದ್ದು ತೂಕ ಇಳಿಸುವ ಚಾಲೆಂಜ್, ಗೆದ್ದವರಿಗೆ ಬಹುಮಾನ ಒಂದು ಡಬ್ಬ ಪ್ರೋಟೀನ್. ಕಡೆಯ ದಿನ ಅವರೆಲ್ಲ ನೀರು ಕುಡಿಯದೆ ಬಂದು ನಿಲ್ಲುತ್ತಾರೆ ಅಂತ ಅವನಿಗೂ ಗೊತ್ತು. "ಬಹುಮಾನ ಸೊಂಟದ ಅಳತೆಗೆ ಕೊಡು" ಅಂದೆ. "ಟೇಪ್ ಹಿಡಿಯುವಾಗ ಹೊಟ್ಟೆ ಒಳಗೆ ಎಳ್ಕೋತಾರೆ ಮೇಡಂ" ಅಂದ. ಅದೂ ನಿಜ.