ರಟ್ಟಿನಲ್ಲಿ ಏಳು ಸುರುಳಿಗಳು: ಮೂರನೆಯ ವಾರ

ಐದು ಸುರುಳಿಗಳು ನಿಂತಿವೆ, ಎರಡು ಬಾಕಿ. ಈಗಷ್ಟೇ ಓದಲು ಬಂದವರಿಗೆ ಹಿನ್ನೆಲೆ: 1975ರಲ್ಲಿ ಕೇಂಬ್ರಿಜ್‌ನ ರಿಚರ್ಡ್ ಹೆಂಡರ್ಸನ್ ಮತ್ತು ನೈಜೆಲ್ ಅನ್ವಿನ್ ಬ್ಯಾಕ್ಟೀರಿಯೊರೊಡಾಪ್ಸಿನ್ ಎಂಬ ಪ್ರೋಟೀನಿನ ಮಾದರಿಯನ್ನು ಬಾಲ್ಸಾ ಎಂಬ ಹಗುರ ಮರದಲ್ಲಿ ಮಾಡಿದರು. ಉಪ್ಪುನೀರಿನ ಸೂಕ್ಷ್ಮಜೀವಿಯೊಂದರ ನೇರಳೆ ಪೊರೆಯಲ್ಲಿ ಹುದುಗಿದ್ದು, ಬೆಳಕಿನ ಬಲದಿಂದ ಪ್ರೋಟಾನುಗಳನ್ನು ಹೊರಗೆ ತಳ್ಳುವ ಪ್ರೋಟೀನ್ ಅದು. ಅದರ ಸರಪಳಿ ಏಳು ಸುರುಳಿಗಳಾಗಿ ಪೊರೆಯನ್ನು ಹಾಯುತ್ತದೆ. ನನ್ನ ಮಾದರಿಗೆ ಹಳೆಯ ರಟ್ಟಿನ ಪೆಟ್ಟಿಗೆಗಳೇ ಬಾಲ್ಸಾ.

ಲೆಕ್ಕ ಹೀಗಿದೆ. ಒಂದು ಆಂಗ್‌ಸ್ಟ್ರಾಮ್‌ಗೆ (ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) 2 ಮಿಲಿಮೀಟರ್. ಸುಮಾರು 40 ಆಂಗ್‌ಸ್ಟ್ರಾಮ್ ಉದ್ದದ ಸುರುಳಿ ನನ್ನ ಮೇಜಿನ ಮೇಲೆ 80 ಮಿಲಿಮೀಟರ್ ಆಗುತ್ತದೆ. ರಟ್ಟಿನ ದಪ್ಪ 3 ಮಿಲಿಮೀಟರ್. ದುಂಡಗೆ ಕತ್ತರಿಸಿ ಒಂದರ ಮೇಲೊಂದು ಅಂಟಿಸಿದರೆ ಸುರುಳಿಗೆ 27 ಬಿಲ್ಲೆಗಳಂತೆ ಏಳಕ್ಕೆ 189. ಕತ್ತರಿ ಹಿಡಿದ ಬೆರಳು ಬೊಬ್ಬೆ ಬಂದಿದೆ.

ಒಳಸಾಲಿನ ಮೂರು ಸುರುಳಿಗಳು ಬಹುಮಟ್ಟಿಗೆ ನೆಟ್ಟಗಿರುವುದರಿಂದ ತೊಂದರೆ ಕೊಡಲಿಲ್ಲ. ಹೊರಸಾಲಿನವು ವಾಲಿವೆ. 20 ಡಿಗ್ರಿ ವಾಲಿಸಬೇಕೆಂದರೆ ಪ್ರತಿ ಬಿಲ್ಲೆಯನ್ನೂ ಕೆಳಗಿನದಕ್ಕಿಂತ 1 ಮಿಲಿಮೀಟರಿನಷ್ಟು ಸರಿಸಿ ಅಂಟಿಸಬೇಕು. ಮಂಗಳವಾರ ಹಾಗೆ ಅಂಟಿಸಿ, ಗಟ್ಟಿಯಾಗಲೆಂದು ಮೇಲೆ ಕುಟ್ಟಾಣಿ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಇಡೀ ಕಂಬ ಜಾರಿ, ಹರವಿದ ಇಸ್ಪೀಟ್ ಎಲೆಗಳಂತೆ ಬಿದ್ದಿತ್ತು. ಈಗ ಬಿಲ್ಲೆಗಳ ನಡುವೆ ಬಿದಿರುಕಡ್ಡಿ ಓರೆಯಾಗಿ ತೂರಿಸಿ ಅಂಟಿಸುತ್ತಿದ್ದೇನೆ. ಕುಟ್ಟಾಣಿ ಅಡುಗೆಮನೆಗೆ ಹಿಂತಿರುಗಿದೆ.

ಇನ್ನೊಂದು ತಪ್ಪು ಕೈಯದಲ್ಲ, ತಲೆಯದು. ಸುರುಳಿಗಳ ತುದಿಗಳನ್ನು ಜೋಡಿಸುವ ಕೊಂಡಿಗಳಿಗೆಂದು ತಾಮ್ರದ ತಂತಿ ಬಗ್ಗಿಸಿದ್ದೆ, ಚೆನ್ನಾಗಿಯೂ ಕಾಣುತ್ತಿತ್ತು. ಆದರೆ 1975ರ ನಕ್ಷೆಯ ಸ್ಪಷ್ಟತೆ 7 ಆಂಗ್‌ಸ್ಟ್ರಾಮ್, ಅಂದರೆ ನನ್ನ ಅಳತೆಯಲ್ಲಿ 14 ಮಿಲಿಮೀಟರ್. ಅದಕ್ಕಿಂತ ಸಣ್ಣ ವಿವರಗಳು ಮಸುಕಾಗಿ ಬೆರೆತುಹೋಗುತ್ತವೆ. ಅದರಲ್ಲಿ ಕೊಂಡಿಗಳು ಕಂಡಿರಲಿಲ್ಲ. ಯಾವ ಸುರುಳಿಯ ನಂತರ ಯಾವುದು ಎಂಬುದೂ ಅವರಿಗೆ ತಿಳಿದಿರಲಿಲ್ಲ. ಅವರು ಕಾಣದ್ದನ್ನು ನಾನು ತೋರಿಸಿದರೆ ಅದು ಅವರ ಮಾದರಿಯಾಗುವುದಿಲ್ಲ. ತಂತಿಯನ್ನೆಲ್ಲ ಕಿತ್ತೆ. ರಟ್ಟಿನ ಮೆಟ್ಟಿಲುಗಳನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪಾಗಿಸುತ್ತಿರುವುದೂ ಇದೇ ಕಾರಣಕ್ಕೆ: ಅಷ್ಟು ಚೂಪಾದ ಅಂಚು ಅವರಿಗೆ ಕಂಡಿರಲೇ ಇಲ್ಲ.

ಹೆಂಡರ್ಸನ್ ಓದಿದ್ದು ಎಡಿನ್‌ಬರೋದಲ್ಲಿ, ಭೌತವಿಜ್ಞಾನ. ಡಾಕ್ಟರೇಟ್‌ಗೆ ಆರಿಸಿಕೊಂಡದ್ದು ನೀರಿನಲ್ಲಿ ಕರಗುವ ಸಾಧು ಕಿಣ್ವ, ಕೈಮೊಟ್ರಿಪ್ಸಿನ್. ಪೊರೆಯ ಪ್ರೋಟೀನುಗಳ ಕಡೆ ತಿರುಗಿದ್ದು ಅಮೆರಿಕದ ಯೇಲ್‌ನಲ್ಲಿ. 1973ರಲ್ಲಿ ಕೇಂಬ್ರಿಜ್‌ಗೆ ಮರಳಿದರು. ಪೊರೆಯ ಪ್ರೋಟೀನುಗಳು ಕೊಬ್ಬಿನ ಪೊರೆಗೆ ಒಗ್ಗಿಕೊಂಡವು. ಮಾರ್ಜಕ ಹಾಕಿ ಹೊರಗೆಳೆದರೆ, ಆಕಾರ ತಿಳಿಯಲು ಬೇಕಾದ ಹರಳುಗಳಾಗಲು ಸತಾಯಿಸುತ್ತವೆ. ಆದರೆ ನೇರಳೆ ಪೊರೆಯಲ್ಲಿ ಬ್ಯಾಕ್ಟೀರಿಯೊರೊಡಾಪ್ಸಿನ್ ಅಣುಗಳು ತಾವಾಗಿಯೇ ಸಾಲುಗಟ್ಟಿ ನಿಂತಿರುತ್ತವೆ. ಹಾಗಾಗಿ ಪ್ರೋಟೀನನ್ನು ಹೊರತೆಗೆಯುವ ಗೋಜಿಗೇ ಹೋಗದೆ ಪೊರೆಯನ್ನೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟರು. ನಿರ್ವಾತದಲ್ಲಿ ಒಣಗಿ ಕೆಡದಿರಲು ನೀರಿನ ಬದಲು ಗ್ಲೂಕೋಸ್! ಎಲೆಕ್ಟ್ರಾನುಗಳು ಪೊರೆಯನ್ನು ಸುಡುತ್ತವೆಂದು ಅವನ್ನು ಬಲು ಮಿತವಾಗಿ ಹಾಯಿಸಿದರು. ಒಂದೊಂದು ಅಣುವಿನ ಚಿತ್ರ ತೀರಾ ಮಸುಕು. ಸಾವಿರಾರು ಅಣುಗಳ ಸರಾಸರಿಯಿಂದ ಆಕಾರ ಮೂಡಿತು.

7ರಿಂದ 3.5 ಆಂಗ್‌ಸ್ಟ್ರಾಮ್ ಸ್ಪಷ್ಟತೆಗೆ ಇಳಿಯಲು ಹೆಂಡರ್ಸನ್‌ಗೆ 1990 ಆಯಿತು. ಆ ಹದಿನೈದು ವರ್ಷಗಳ ಮುಂದೆ ಅವರಿಗೆ ಬಂದ 2017ರ ನೊಬೆಲ್ ನನಗೆ ಸಣ್ಣ ಸುದ್ದಿ.

ಈ ಭಾನುವಾರಕ್ಕೆ ಉಳಿದೆರಡು ಸುರುಳಿಗಳು. ಪೊರೆಯಲ್ಲಿ ಈ ಪ್ರೋಟೀನ್ ಮೂರರ ಗುಂಪಾಗಿ ನಿಲ್ಲುತ್ತದೆ. ಇನ್ನೆರಡನ್ನೂ ಮಾಡಲೇ ಎಂಬ ಯೋಚನೆ ಬಂದಿದೆ. ಅಂದರೆ ಮತ್ತೆ 378 ಬಿಲ್ಲೆಗಳು. ರಟ್ಟು ಮುಗಿದಿದೆ, ಕಿರಾಣಿ ಅಂಗಡಿಯವರನ್ನು ಕೇಳಬೇಕು.