ಮೈಯೆಲ್ಲ ಅಜ್ಜಿದು, ಬಾಯಿ ಮಾತ್ರ ಡಾಕ್ಟರ್‌ದು

ಪಾಪು ಹುಟ್ಟಿ ಎರಡು ಮೂರು ವಾರ ಆಗೋ ಹೊತ್ತಿಗೆ ನಮ್ಮಜ್ಜಿಗೂ ನನಗೂ ಒಂದು ರಾಜಿ ಆಯ್ತು. ಮಗು ಮೈ ಮೇಲೆ ಅಜ್ಜಿ ರಾಜ್ಯ, ಎಣ್ಣೆ ತಿಕ್ಲಿ, ನೀರು ಹಾಕ್ಲಿ, ಹೊಟ್ಟೆ ನೀವ್ಲಿ, ಜೋಲಿ ಕಟ್ಲಿ, ನಾನು ಅಡ್ಡ ಬರಲ್ಲ. ಆದ್ರೆ ಬಾಯೊಳಗೆ ಹೋಗೋದು ಎದೆಹಾಲು ಮತ್ತೆ ಡಾಕ್ಟರ್ ಬರೆದಿರೋ ವಿಟಮಿನ್ ಡಿ ಡ್ರಾಪ್ಸು, ಮೂರನೇದು ಏನೂ ಇಲ್ಲ. ಕೇಳೋಕೆ ಸಿಂಪಲ್ಲಾಗಿದೆ, ಇಷ್ಟಕ್ಕೆ ಬರೋಕೆ ನಮ್ಮನೇಲಿ ನಡೆದ ಪಂಚಾಯ್ತಿ ಇದ್ಯಲ್ಲ, ಅದನ್ನ ಬರಿಯೋಣ ಅಂತಾನೇ ಕೂತಿದೀನಿ, ಪಾಪು ಎದ್ರೆ ಅರ್ಧಕ್ಕೆ ಬಿಟ್ಟು ಓಡ್ತೀನಿ.

ನನ್ನ ತವರು ತಿಪಟೂರು ಕಡೆ, ತೋಟದ ಮನೆ. ಇವ್ರು ಬೆಂಗಳೂರಲ್ಲಿ, ಶನಿವಾರ ಟ್ರೈನಲ್ಲಿ ಬಂದು ಭಾನುವಾರ ಸಂಜೆ ವಾಪಸ್. ಹಗಲೆಲ್ಲ ಪಾಪು ಕುಡಿಯೋದು ಮಲಗೋದು ಅಷ್ಟೇ, ಸಂಜೆ ದೀಪ ಹಚ್ಚೋ ಹೊತ್ತು ಬಂತು ಅಂದ್ರೆ ಶುರು. ಮುಖ ಕೆಂಪಗೆ ಮಾಡ್ಕೊಂಡು, ಮುಷ್ಟಿ ಬಿಗಿ ಹಿಡಿದು, ಕಾಲು ಎರಡೂ ಹೊಟ್ಟೆ ಹತ್ರ ಎಳ್ಕೊಂಡು ಕಿರುಚೋದು, ಹೊಟ್ಟೆ ಮುಟ್ಟಿದ್ರೆ ಗಟ್ಟಿ. ಎದೆಗೆ ಹಾಕಿದ್ರೆ ಎರಡು ಗುಟುಕು ಕುಡಿದು ಬಿಟ್ಟು ಮತ್ತೆ ಅಳು, ಮತ್ತೆ ಬೇಕು ಅಂತ ಬಾಯಿ ಹುಡುಕೋದು, ಕೊಟ್ರೆ ಮತ್ತೆ ಬೇಡ. ರಾತ್ರಿ ಹತ್ತು ಹತ್ತೂವರೆ ತನಕ ಇದೇ ಕಥೆ, ಆಮೇಲೆ ಏನೂ ಆಗೇ ಇಲ್ಲ ಅನ್ನೋ ಥರ ನಿದ್ದೆ.

ಬಂದವರೆಲ್ಲ ಒಂದೊಂದು ಕಾರಣ ಹೇಳಿ ಕಾಫಿ ಕುಡಿದು ಹೋಗೋರು. ವಾಯು ತುಂಬ್ಕೊಂಡಿದೆ, ದೃಷ್ಟಿ ಆಗಿದೆ, ನೀನು ಆಲೂಗಡ್ಡೆ ತಿಂದಿರ್ತೀಯ, ನೀನು ತಣ್ಣೀರು ಕುಡಿದಿರ್ತೀಯ. ಇವೆಲ್ಲ ಪರ್ವಾಗಿಲ್ಲ, ನಿಜವಾಗ್ಲೂ ತಲೆ ಕೆಡ್ಸಿದ್ದು ಒಂದೇ ಮಾತು, "ಹಾಲು ಸಾಲ್ತಿಲ್ಲ ಅನ್ಸುತ್ತೆ ಕಣಮ್ಮ". ಹೆತ್ತು ಇನ್ನೂ ಹೊಲಿಗೆ ಒಣಗಿರಲ್ಲ, ನಿದ್ದೆ ಇರಲ್ಲ, ಅವ್ಳಿಗೆ ಇದೊಂದು ಮಾತು ಸಾಕು, ಇರೋ ಧೈರ್ಯನೂ ಹೋಗುತ್ತೆ. ಪಕ್ಕದ ತೋಟದ ಆಂಟಿ ಅಂತೂ ಯಾವ ಡಬ್ಬ ತರ್ಸಬೇಕು ಅಂತ ಹೆಸರು ಸಮೇತ ಹೇಳಿ ಹೋದ್ರು. 1992ರಲ್ಲೇ ಕಾನೂನು ಬಂದು ನಮ್ಮ ದೇಶದಲ್ಲಿ ಎಳೆ ಮಕ್ಕಳ ಹಾಲಿನ ಪುಡಿಗೆ ಜಾಹೀರಾತು ಕೊಡೋದು ನಿಂತಿದೆ, ಆಂಟಿ ಬಾಯಿಗೆ ಯಾವ ಕಾನೂನೂ ಇಲ್ಲ. ಹಾಲಿನ ಪುಡಿ ವಿಷ ಅಂತ ನಾನು ಹೇಳ್ತಿಲ್ಲ ಮತ್ತೆ, ಬೇಕಾದೋರಿಗೆ ಬೇಕೇ ಬೇಕು, ಆದ್ರೆ ಅದನ್ನ ಡಾಕ್ಟರ್ ಹೇಳ್ಬೇಕು, ಕಾಫಿ ಕುಡಿಯೋಕೆ ಬಂದೋರಲ್ಲ.

ಹಾಲು ಸಾಲ್ತಿದ್ಯೋ ಇಲ್ವೋ ಅಂತ ಅಳು ನೋಡಿ ಗೊತ್ತಾಗಲ್ಲ. ಉಚ್ಚೆ ನೋಡ್ಬೇಕು, ತೂಕ ನೋಡ್ಬೇಕು. ಮೊದಲ ಐದು ದಿನ ಕಳೆದ್ಮೇಲೆ ದಿನಕ್ಕೆ ಆರು ಅಥವಾ ಜಾಸ್ತಿ ಸಲ ಚೆನ್ನಾಗಿ ಬಟ್ಟೆ ಒದ್ದೆ ಆಗ್ತಿದ್ರೆ ಹಾಲು ಒಳಗೆ ಹೋಗ್ತಿದೆ ಅಂತ ಅರ್ಥ. ನಮ್ಮಲ್ಲಿ ಹಳೇ ಪಂಚೆ ಹರಿದು ಮಾಡಿದ ಲಂಗೋಟಿ, ಒಗೆದು ಹಗ್ಗದ ಮೇಲೆ ಹಾಕಿರೋದನ್ನ ಎಣಿಸಿದ್ರೆ ಲೆಕ್ಕ ಸಿಕ್ತು, ಡೈಪರ್ ಆದ್ರೆ ಈ ಲೆಕ್ಕ ಸಲೀಸಾಗಿ ಸಿಗಲ್ಲ. ತೂಕ ನೋಡೋಕೆ ಆಶಾ ಅಕ್ಕ ಬರೋರು. ಆಸ್ಪತ್ರೇಲಿ ಹೆರಿಗೆ ಆದೋರ ಮನೆಗೆ ಅವ್ರು 3, 7, 14, 21, 28, 42ನೇ ದಿನ ಬರ್ಬೇಕು ಅಂತ ಲೆಕ್ಕ ಇದೆ, ತೂಗು ಹಾಕೋ ಜೋಳಿಗೆ ತಕ್ಕಡಿ ತರ್ತಾರೆ. ಹುಟ್ಟಿದ ತೂಕದಲ್ಲಿ ಮೊದಲ ಕೆಲವು ದಿನ ನೂರಕ್ಕೆ ಹತ್ತರಷ್ಟರ ತನಕ ಇಳಿಯೋದು ಮಾಮೂಲಿ, ಎರಡು ವಾರದ ಹೊತ್ತಿಗೆ ವಾಪಸ್ ಬಂದಿರ್ಬೇಕು. ನಮ್ಮದು ಬಂದಿತ್ತು. ಆಶಾ ಅಕ್ಕ ತಕ್ಕಡಿ ಮುಳ್ಳು ತೋರ್ಸಿ ಅಮ್ಮಂಗೆ "ನೋಡಿ ಅಮ್ಮ, ಮೊಮ್ಮಗು ಹೆಂಗ್ ತೂಗ್ತಿದೆ" ಅಂದ ಮೇಲೆ ಆ ಮಾತು ನಿಲ್ತು.

ಹಾಗಾದ್ರೆ ಹೊಟ್ಟೆ ಯಾಕೆ ಗಟ್ಟಿ? ಇದಕ್ಕೆ ಅರ್ಧ ಉತ್ತರ ಕೊಟ್ಟಿದ್ದು ಲಸಿಕೆ ಹಾಕ್ಸೋಕೆ ಹೋದಾಗ ಸಿಕ್ಕ ಸಿಸ್ಟರು. ನಾನು ಹಾಲು ಕೊಡೋದನ್ನ ಒಂದು ನಿಮಿಷ ನೋಡಿದ್ರು, ಟಕ್ ಟಕ್ ಅಂತ ಸೌಂಡ್ ಬರ್ತಿದೆ ಕೇಳಿಸ್ತಾ ಅಂದ್ರು. ಕೇಳಿಸ್ತಿತ್ತು, ನಾನು ಅದನ್ನ ಕುಡಿಯೋ ಸೌಂಡು ಅಂತಾನೇ ತಿಳ್ಕೊಂಡಿದ್ದೆ. ಬರೀ ತೊಟ್ಟು ಮಾತ್ರ ಬಾಯಲ್ಲಿದ್ರೆ ಹಿಡಿತ ಜಾರಿ ಜಾರಿ ಹಾಲಿನ ಜೊತೆ ಗಾಳಿನೂ ನುಂಗುತ್ತಂತೆ, ತೊಟ್ಟಿನ ಸುತ್ತ ಇರೋ ಕಪ್ಪು ಭಾಗ ಆದಷ್ಟೂ ಒಳಗೆ ಹೋಗ್ಬೇಕು, ಅದ್ರಲ್ಲೂ ಕೆಳಗಡೆದು. ಅವ್ರು ಮಾಡಿ ತೋರ್ಸಿದ್ದು ಹೀಗೆ: ಮಗು ಹೊಟ್ಟೆ ನನ್ನ ಹೊಟ್ಟೆಗೆ ಅಂಟ್ಕೊಂಡಿರ್ಬೇಕು, ಮೂಗಿನ ನೇರಕ್ಕೆ ತೊಟ್ಟು, ತುಟಿಗೆ ತಾಗ್ಸಿ ಕಾಯ್ಬೇಕು, ಬಾಯಿ ಆಕಳಿಸೋ ಅಷ್ಟು ಅಗಲ ತೆಗೆದಾಗ ಮಗೂನ ಎದೆ ಹತ್ರ ತರ್ಬೇಕು, ನಾವು ಬಗ್ಗಿ ಎದೆ ತುರುಕೋದಲ್ಲ. ಗದ್ದ ಎದೆಗೆ ಒತ್ತಿರ್ಬೇಕು, ಕೆಳತುಟಿ ಹೊರಕ್ಕೆ ಮಡಚಿರ್ಬೇಕು. ನೋವಾಯ್ತು ಅಂದ್ರೆ ಕಿರುಬೆರಳು ಬಾಯಿ ಮೂಲೆಗೆ ಹಾಕಿ ಬಿಡ್ಸಿ ಮತ್ತೆ ಶುರು ಮಾಡೋದು. ನಂಗೆ ಹಾಲು ಮೊದಲಿಗೆ ಚಿಮ್ಮೋ ಥರ ಬರ್ತಿತ್ತು, ಪಾಪು ಕೆಮ್ಮಿ ಬಿಟ್ಟುಬಿಡೋದು, ಅದಕ್ಕೆ ಹಿಂದೆ ಒರಗಿ ಕೂತು ಪಾಪೂನ ಮೇಲೆ ಮಲಗಿಸ್ಕೊಂಡು ಕುಡಿಸಿ ಅಂದ್ರು. ಒಂದು ಕಡೆ ಪೂರ್ತಿ ಕುಡಿದು ತಾನೇ ಬಿಟ್ಟ ಮೇಲೆ ಇನ್ನೊಂದು ಕಡೆ, ಗಡಿಯಾರ ನೋಡಿ ಹತ್ತು ನಿಮಿಷಕ್ಕೆ ಬದಲಾಯಿಸಬೇಡಿ, ಮೊದಲು ಬರೋ ಹಾಲು ನೀರು ನೀರು, ಗಟ್ಟಿ ಕೊಬ್ಬಿನ ಹಾಲು ಆಮೇಲೆ ಬರೋದು ಅಂತ. ಈ ಸಿಸ್ಟರ್ ಕಾಲಿಗೆ ಬೀಳ್ಬೇಕು ಅನ್ನಿಸ್ತು. ಹೊಟ್ಟೆ ಉಬ್ಬರದಲ್ಲಿ ಕಣ್ಣಿಗೆ ಕಾಣೋ ಅಷ್ಟು ವ್ಯತ್ಯಾಸ ಆಗಿದ್ದು ಇದ್ರಿಂದ, ಯಾವ ಡ್ರಾಪ್ಸಿಂದಾನೂ ಅಲ್ಲ.

ಇನ್ನು ತೇಗು. ಹೆಗಲ ಮೇಲೆ ಹಾಕ್ಕೊಂಡು ಬೆನ್ನು ತಟ್ಟೋದು ಎಲ್ರಿಗೂ ಗೊತ್ತು, ತೊಡೆ ಮೇಲೆ ಕೂರ್ಸಿ ಗದ್ದಕ್ಕೆ ಕೈ ಕೊಟ್ಟು (ಕುತ್ತಿಗೆಗಲ್ಲ) ಸ್ವಲ್ಪ ಮುಂದಕ್ಕೆ ಬಗ್ಗಿಸಿ ಬೆನ್ನು ನೀವಿದ್ರೆ ನಮ್ಮದಕ್ಕೆ ಬೇಗ ಬರ್ತಿತ್ತು. ಸ್ವಲ್ಪ ಹೊತ್ತು ನೋಡಿ ಬರದೇ ಇದ್ರೆ ಬಿಟ್ಬಿಡಿ, ಪ್ರತಿ ಸಲ ತೇಗಲೇಬೇಕು ಅಂತೇನಿಲ್ಲ. ಕಕ್ಕೋದಕ್ಕೂ ಹೆದರ್ಕೋಬೇಡಿ, ಅನ್ನನಾಳದ ಕೆಳಗಿನ ಬಾಗಿಲು ಇಷ್ಟು ಚಿಕ್ಕ ಮಕ್ಕಳಲ್ಲಿ ಇನ್ನೂ ಬಿಗಿ ಆಗಿರಲ್ಲ, ಬಾಯಂಚಲ್ಲಿ ಹಾಲು ಮೊಸರು ಥರ ಬರುತ್ತೆ, ತೂಕ ಏರ್ತಿದ್ರೆ ಅದು ಬರೀ ಬಟ್ಟೆ ಒಗೆಯೋ ಸಮಸ್ಯೆ. ಕುಡಿದ್ಮೇಲೆ ಅರ್ಧ ಗಂಟೆ ನೆಟ್ಟಗೆ ಎತ್ಕೊಂಡಿರೋದು. ಅಜ್ಜಿ ಬೋರಲು ಮಲಗ್ಸು ಗಾಳಿ ಹೋಗುತ್ತೆ ಅಂತು, ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ನಿದ್ದೆಗೆ ಅಂಗಾತವೇ, ಬೋರಲು ಏನಿದ್ರೂ ಎಚ್ಚರ ಇದ್ದಾಗ, ನಾವು ಎದುರಿಗೆ ಕೂತಿರುವಾಗ.

ಈಗ ಬಾಯಿ ವಿಷಯಕ್ಕೆ ಬರ್ತೀನಿ, ಜಗಳ ಎಲ್ಲ ಇದ್ದಿದ್ದು ಇಲ್ಲೇ. ಅಜ್ಜಿ ಹತ್ರ ಒಂದು ಸಾಣೆಕಲ್ಲು ಇದೆ, ಒಂದು ಡಬ್ಬಿ ಇದೆ. ಡಬ್ಬೀಲಿ ಬಜೆ, ಜಾಯಿಕಾಯಿ, ಅಳಲೆಕಾಯಿ. ಎದೆಹಾಲಲ್ಲಿ ಒಂದೊಂದನ್ನೂ ಎರಡೆರಡು ಸುತ್ತು ತೇಯ್ದು ಜೇನುತುಪ್ಪ ಸೇರ್ಸಿ ನಾಲಿಗೆಗೆ ನೆಕ್ಕಿಸೋದು. ಜೊತೆಗೆ ವಾರಕ್ಕೊಂದು ಸಲ ಒಳಲೇಲಿ ಹರಳೆಣ್ಣೆ. ಜೇನು ಒಂದು ವರ್ಷದ ತನಕ ಮುಟ್ಟಂಗಿಲ್ಲ ಅಂತ ಡಾಕ್ಟರ್ ಕಡ್ಡಿ ಮುರಿದ ಹಾಗೆ ಹೇಳಿದ್ರು, ಅದ್ರಲ್ಲಿ ಇರಬಹುದಾದ ಬೊಟುಲಿಸಂ ಬೀಜಾಣು ಎಳೆ ಕರುಳಲ್ಲಿ ವಿಷ ಮಾಡುತ್ತೆ. ಬಜೆ ಬಗ್ಗೆ ನಾನೇ ಓದಿದೆ, ಅದ್ರ ಎಣ್ಣೇಲಿ ಬೀಟಾ ಅಸರೋನ್ ಅನ್ನೋ ಅಂಶ ಇದೆ, ಅದಕ್ಕೇ ಅಮೆರಿಕದಲ್ಲಿ 1968ರಲ್ಲೇ ಬಜೇನ ಆಹಾರದಲ್ಲಿ ಬಳಸೋದು ನಿಷೇಧ ಮಾಡಿದ್ದಾರೆ. ಇದನ್ನ ಹೇಳಿದ್ದಕ್ಕೆ ಅಮ್ಮ "ನಿಂಗೂ ಅದನ್ನೇ ನೆಕ್ಸಿದ್ದು, ನೀನೇನು ಸತ್ತೋದ್ಯಾ?" ಅಂದ್ಲು. ಇದಕ್ಕೇನು ಉತ್ತರ ಕೊಡ್ತೀರ? ಪ್ರಪಂಚದಲ್ಲಿ ಯಾವ ಡಾಕ್ಟರ್ ಹತ್ರಾನೂ ಇದಕ್ಕೆ ಉತ್ತರ ಇಲ್ಲ.

ಗ್ರೈಪ್ ವಾಟರ್ ಕಥೆ ಇನ್ನೂ ಮಜಾ. ಅಮ್ಮಂಗೆ ಅದು ಇಂಗ್ಲಿಷ್ ಮೆಡಿಸನ್ನು, ಹಾಗಾಗಿ ಬಜೆಗಿಂತ ಸೇಫು. 1851ರಲ್ಲಿ ಇಂಗ್ಲೆಂಡಿನ ವಿಲಿಯಂ ವುಡ್‌ವರ್ಡ್ ಅನ್ನೋ ಔಷಧಿ ವ್ಯಾಪಾರಿ ಮಾಡಿದ್ದು, ಆಗ ಅದ್ರಲ್ಲಿ ಆಲ್ಕೋಹಾಲು, ಸಕ್ಕರೆ, ಅಡುಗೆ ಸೋಡಾ, ಸಬ್ಬಸಿಗೆ ಎಣ್ಣೆ ಇರ್ತಿತ್ತು. ಮಕ್ಕಳು ಸುಮ್ನಾಗ್ತಿದ್ದಿದ್ದು ಯಾಕೆ ಅಂತ ಈಗ ಊಹೆ ಮಾಡ್ಕೊಳ್ಳಿ. ಈಗಿನದ್ರಲ್ಲಿ ಆಲ್ಕೋಹಾಲ್ ಇಲ್ಲ, ಹೊಟ್ಟೆನೋವಿಗೆ ಕೆಲಸ ಮಾಡುತ್ತೆ ಅನ್ನೋಕೆ ಗಟ್ಟಿ ಆಧಾರಾನೂ ಇಲ್ಲ. ಸಬ್ಬಸಿಗೆ ಸೊಪ್ಪನ್ನಂತೂ ನಂಗೇ ಹಾಲು ಹೆಚ್ಚುತ್ತೆ ಅಂತ ದಿನಾ ಪಲ್ಯ ಮಾಡಿ ಹಾಕ್ತಿದ್ರು, ರುಚಿಯಾಗಿತ್ತು, ತಿಂದೆ.

ಮೆಡಿಕಲ್ ಶಾಪಲ್ಲಿ ಕೇಳಿ ತರೋ ಡ್ರಾಪ್ಸ್ ಬಗ್ಗೆ ಮಾತ್ರ ಸೀರಿಯಸ್ಸಾಗಿ ಹೇಳ್ತೀನಿ. ಸಿಮೆಥಿಕೋನ್ ಇರೋದು ಸಾಮಾನ್ಯವಾಗಿ ಅಪಾಯ ಮಾಡಲ್ಲ, ದೊಡ್ಡ ಉಪಯೋಗಾನೂ ಕಂಡಿಲ್ಲ. ಆದ್ರೆ ಡೈಸೈಕ್ಲೋಮಿನ್ ಅಂತ ಬರೆದಿದ್ರೆ ಬೇಡವೇ ಬೇಡ, ಆರು ತಿಂಗಳ ಒಳಗಿನ ಮಕ್ಕಳಿಗೆ ಅದು ಉಸಿರಾಟದ ತೊಂದರೆ ಮಾಡಬಹುದು. ಹೊಟ್ಟೆನೋವಿನ ಡ್ರಾಪ್ಸ್ ಕೊಡಿ ಅಂತ ಬಾಯಲ್ಲಿ ಕೇಳಿ ತರೋ ಬದಲು ಡಾಕ್ಟರ್ ಚೀಟಿ ತಗೊಂಡು ಹೋಗಿ, ಡಬ್ಬಿ ಹಿಂದೆ ಓದಿ.

ರಾಜಿಗೆ ಆಮೇಲೆ ತಿದ್ದುಪಡಿಗಳೂ ಬಂದ್ವು. ಪಾಪು ಮುಕ್ಕಿ ತಿಣುಕಿ ಅತ್ತು ಆಮೇಲೆ ಮೆತ್ತಗೇ ಕಕ್ಕ ಮಾಡೋದು, ಅದು ಮಲಬದ್ಧತೆ ಅಲ್ವಂತೆ, ಹೊಟ್ಟೆ ಬಿಗಿ ಹಿಡಿಯೋದು ಕೆಳಗೆ ಸಡಿಲ ಬಿಡೋದು ಎರಡನ್ನೂ ಒಟ್ಟಿಗೆ ಮಾಡೋಕೆ ಇನ್ನೂ ಕಲೀತಿರೋದು. ಅಜ್ಜಿ ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಸವರಿ ರೆಡಿ ಮಾಡ್ಕೊಂಡು ಬಂತು, ಇದು ಬಾಯಿ ಅಲ್ವಲ್ಲ ಅಂತ ವಾದ. ತೂತುಗಳೆಲ್ಲ ಡಾಕ್ಟರ್ ರಾಜ್ಯಕ್ಕೆ ಸೇರಿದ್ದು ಅಂತ ತೀರ್ಮಾನ ಆಯ್ತು, ಹಾಗಾಗಿ ಮೂಗಿಗೆ ಕಿವಿಗೆ ಎಣ್ಣೆ ಬಿಡೋದೂ ಹೋಯ್ತು. ಸಾಂಬ್ರಾಣಿ ಹೊಗೇನೂ ಹೋಯ್ತು, ಅದು ಮೈಗೆ ಅಂತ ಹೆಸರು, ಹೋಗೋದು ಶ್ವಾಸಕೋಶಕ್ಕೆ. ನನ್ನ ಪಥ್ಯಾನೂ ಸ್ವಲ್ಪ ಸಡಿಲ ಮಾಡ್ಸಿದೆ, ನಾನು ಆಲೂಗಡ್ಡೆ ತಿಂದ್ರೆ ಗ್ಯಾಸ್ ನನ್ನ ಹೊಟ್ಟೇಲಿ ಆಗುತ್ತೆ, ಅದು ಹಾಲಿಗೆ ಇಳಿಯಲ್ಲ. ನಾನು ಕುಡಿಯೋ ಹಸುವಿನ ಹಾಲಿನ ಪ್ರೋಟೀನ್ ಕೆಲವು ಮಕ್ಕಳಿಗೆ ಆಗ್ದೇ ಇರೋದು ಉಂಟು, ಆದ್ರೆ ಅದಕ್ಕೆ ಕಕ್ಕದಲ್ಲಿ ರಕ್ತ, ಲೋಳೆ, ಮೈ ಮೇಲೆ ಗಂದೆ ಇಂಥದೆಲ್ಲ ಇರುತ್ತೆ, ಡಾಕ್ಟರ್ ನೋಡಿ ಹೇಳ್ಬೇಕು.

ಹಾಗಂತ ಅಜ್ಜಿ ಸೋತಿಲ್ಲ. ಅದರ ರಾಜ್ಯದಲ್ಲಿ ಅದು ಮಾಡಿದ್ದೇ ನಿಜವಾದ ಸಮಾಧಾನ. ಬಚ್ಚಲಲ್ಲಿ ಮಣೆ ಮೇಲೆ ಕೂತು ಕಾಲು ಚಾಚಿ, ಮೊಣಕಾಲ ಮೇಲೆ ಪಾಪೂನ ಮಲಗ್ಸಿ, ನಮ್ಮದೇ ತೋಟದ ಕೊಬ್ಬರಿ ಎಣ್ಣೆ ಹಚ್ಚಿ, ಹೊಕ್ಕುಳ ಸುತ್ತ ಬಲಕ್ಕೆ ಸುತ್ತಿಸಿ ನೀವೋದು, ಆಮೇಲೆ ಎರಡೂ ಕಾಲು ಸೈಕಲ್ ತುಳಿಯೋ ಹಾಗೆ ಆಡ್ಸೋದು. ಪುರ್ ಪುರ್ ಅಂತ ಗಾಳಿ ಹೋಗೋದು, ಅಜ್ಜಿ ನಗೋದು. ಸಂಜೆ ಅಳು ಶುರು ಆಗೋ ಮುಂಚೇನೇ ಈ ಕೆಲಸ ಮಾಡಿದ್ರೆ ಒಳ್ಳೇದು, ಅಳು ಏರಿದ್ಮೇಲೆ ಮುಟ್ಟಿದ್ರೆ ಇನ್ನೂ ಕಿರುಚುತ್ತೆ. ಅಪ್ಪಂದು ಬೇರೆ ಟೆಕ್ನಿಕ್ಕು, ಮುಂಗೈ ಮೇಲೆ ಪಾಪೂನ ಬೋರಲು ಹಾಕ್ಕೊಂಡು, ತಲೆ ಮೊಣಕೈ ಮಡಿಕೇಲಿ, ತೋಟದಲ್ಲಿ ಪಂಪ್‌ಸೆಟ್ ತನಕ ಹೋಗಿ ಬರೋದು. ಮೋಟರ್ ಸೌಂಡಿಗೆ ಅಳು ನಿಲ್ತಿತ್ತು! ಕರೆಂಟ್ ಇಲ್ಲದ ದಿನ ಅಪ್ಪನೇ ಬಾಯಲ್ಲಿ ಜುರ್ರ್ ಅಂತ ಮೋಟರ್ ಆಗೋರು. ಯಾವುದೂ ಪ್ರತಿ ದಿನ ಕೆಲಸ ಮಾಡ್ಲಿಲ್ಲ, ಅದನ್ನೂ ಹೇಳ್ಬೇಕು.

ಯಾಕಂದ್ರೆ ಹಿಡಿತ ಸರಿ ಮಾಡ್ಕೊಂಡು ಉಬ್ಬರ ಇಳಿದ್ಮೇಲೂ ಸಂಜೆ ಅಳು ಪೂರ್ತಿ ಹೋಗ್ಲಿಲ್ಲ. ಇದಕ್ಕೆ ಕೋಲಿಕ್ ಅಂತಾರೆ, 1954ರಲ್ಲಿ ವೆಸೆಲ್ ಅನ್ನೋ ಅಮೆರಿಕದ ಮಕ್ಕಳ ಡಾಕ್ಟರ್ ಒಂದು ಲೆಕ್ಕ ಹೇಳಿದ್ರು, ಚೆನ್ನಾಗಿ ಬೆಳೀತಿರೋ ಮಗು ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ, ವಾರಕ್ಕೆ ಮೂರು ದಿನಕ್ಕಿಂತ ಜಾಸ್ತಿ, ಮೂರು ವಾರಕ್ಕಿಂತ ಜಾಸ್ತಿ ಅಳೋದು. ಯಾಕೆ ಅಂತ ಇವತ್ತಿಗೂ ಸರಿಯಾಗಿ ಯಾರಿಗೂ ಗೊತ್ತಿಲ್ಲ. ಆರನೇ ವಾರದ ಸುಮಾರಿಗೆ ತುತ್ತತುದಿ ಮುಟ್ಟಿ ಮೂರು ನಾಲ್ಕು ತಿಂಗಳಿಗೆ ತಾನಾಗೇ ಇಳಿಯುತ್ತೆ. ಆ ತುದೀಲಿ ಇರೋ ದಿನಗಳಲ್ಲಿ ಕೋಪ ಬರುತ್ತೆ, ಹೆತ್ತ ಮಗು ಮೇಲೇನೇ ಬರುತ್ತೆ. ಬಂದಾಗ ತೊಟ್ಟಿಲಲ್ಲಿ ಅಂಗಾತ ಮಲಗ್ಸಿ ಅಳೋಕೆ ಬಿಟ್ಟು ಹಿತ್ತಲಿಗೆ ಹೋಗಿ ಐದು ನಿಮಿಷ ನಿಂತು ಬನ್ನಿ, ಅಥವಾ ಮನೇಲಿ ಯಾರಾದ್ರೂ ಇದ್ರೆ ಅವ್ರ ಕೈಗೆ ಕೊಡಿ, ಏನೇ ಆದ್ರೂ ಅಲ್ಲಾಡ್ಸಬೇಡಿ, ಜೋರಾಗಿ ಕುಲುಕಿದ್ರೆ ಮೆದುಳಿಗೇ ಪೆಟ್ಟು ಬೀಳುತ್ತೆ.

ಎಲ್ಲ ಅಳೂ ಕೋಲಿಕ್ ಅಲ್ಲ ಅನ್ನೋದೂ ಗೊತ್ತಿರ್ಬೇಕು. ಮೂರು ತಿಂಗಳ ಒಳಗಿನ ಮಗುಗೆ 100.4 ಡಿಗ್ರಿ ಅಥವಾ ಜಾಸ್ತಿ ಜ್ವರ, ಹಸಿರು ವಾಂತಿ, ಪ್ರತಿ ಸಲ ಕುಡಿದದ್ದೆಲ್ಲ ದೂರಕ್ಕೆ ಚಿಮ್ಮೋ ವಾಂತಿ, ಕಕ್ಕದಲ್ಲಿ ರಕ್ತ, ಉಚ್ಚೆ ಕಮ್ಮಿ ಆಗೋದು, ಕುಡಿಯೋದೇ ಬಿಡೋದು, ಎಬ್ಬಿಸಿದ್ರೂ ಏಳದೇ ಇರೋದು, ಇದ್ರಲ್ಲಿ ಒಂದು ಕಂಡ್ರೂ ಅಜ್ಜಿನೂ ಬೇಡ, ಈ ಬರಹಾನೂ ಬೇಡ, ಗಾಡಿ ಹತ್ತಿ ಆಸ್ಪತ್ರೆಗೆ.

ನಮ್ಮ ಪಾಪುಗೆ ಈಗ ಮೂರು ತಿಂಗಳು ದಾಟಿದೆ, ಸಂಜೆ ಗಲಾಟೆ ಹೆಚ್ಚುಕಮ್ಮಿ ನಿಂತಿದೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಕ್ಕೇ ಹೋಗಿದ್ದು ಅಂತ ಅಜ್ಜಿ ಊರೆಲ್ಲ ಹೇಳ್ಕೊಂಡು ಬಂದಿದೆ, ನಾನು ಸುಮ್ನಿದೀನಿ. ಈಗಿನ ಜಗಳ ರಾಗಿ ಸರಿದು. ಆರು ತಿಂಗಳ ತನಕ ಎದೆಹಾಲು ಅಂತ ನಾನು, ನಾಲ್ಕಕ್ಕೇ ಶುರು ಮಾಡಿದ್ರೆ ಹೊಟ್ಟೆ ಗಟ್ಟಿ ಆಗುತ್ತೆ ಅಂತ ಅದು. ರಾಗಿ ಆಗ್ಲೇ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಇಟ್ಟಾಗಿದೆ. ಇಷ್ಟು ಬೇಗ ಮಾಡಿದ್ರೆ ಹುಳ ಬೀಳುತ್ತೆ ಅಜ್ಜಿ ಅಂದ್ರೆ, "ಬಿದ್ರೆ ಬೀಳ್ಲಿ ಬಿಡು, ನಿಂಗೇ ಕಾಯ್ಸಿ ಕೊಡ್ತೀನಿ" ಅಂತು.