ಅಕ್ಕನ ಫೇಸ್‌ಲಿಫ್ಟ್: ಸಹಿ ಹಾಕುವ ಮೊದಲು ನಾವು ಕೇಳಿ ತಿಳಿದದ್ದು

ನನ್ನ ಅಕ್ಕ ಫೇಸ್‌ಲಿಫ್ಟ್, ಎಂದರೆ ಮುಖದ ಜೋಲನ್ನು ಎತ್ತಿ ಬಿಗಿಯುವ ಶಸ್ತ್ರಚಿಕಿತ್ಸೆಯ ಮಾತೆತ್ತಿದ್ದು 2022ರ ದೀಪಾವಳಿಯ ಮರುದಿನ, ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ. ಆಕೆಗೆ ಆಗ ಅರವತ್ತು ತುಂಬಿತ್ತು. ಸಕ್ಕರೆ ಕಾಯಿಲೆ ಇದೆಯೆಂದು ತಿಳಿದ ಮೇಲೆ ಪಥ್ಯ ಮತ್ತು ನಡಿಗೆಯಿಂದ ಒಂದೂವರೆ ವರ್ಷದಲ್ಲಿ 14 ಕಿಲೋ ಇಳಿದಿದ್ದಳು. ಕಾಯಿಲೆಯೇನೋ ಹಿಡಿತಕ್ಕೆ ಬಂದಿತ್ತು, ಆದರೆ ಕೆನ್ನೆ ಬತ್ತಿ, ದವಡೆಯ ಅಂಚಿನಲ್ಲಿ ಚರ್ಮ ಜೋತುಬಿದ್ದು, ಗದ್ದದ ಕೆಳಗೆ ಎರಡು ಪಟ್ಟಿಗಳು ಎದ್ದು ಕಾಣುತ್ತಿದ್ದವು. ದಾರಿಯಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಗಳೆಲ್ಲ "ಯಾಕೆ ಮೇಡಂ, ಹುಷಾರಿಲ್ವಾ?" ಎಂದು ಕೇಳುವುದು ಆಕೆಗೆ ಸಾಕಾಗಿಹೋಗಿತ್ತು. "ನನಗೆ ಮೂವತ್ತರ ಮುಖ ಬೇಡ ಕಣೇ, ಕಾಯಿಲೆಯವಳಂತೆ ಕಾಣದಿದ್ದರೆ ಸಾಕು" ಎಂದಳು. ಈ ವಯಸ್ಸಿನಲ್ಲಿ ಯಾರಿಗೆ ತೋರಿಸಬೇಕು ಎಂದು ನಾನು ಅಂದುಬಿಟ್ಟೆ. ಆ ಮಾತು ಇಂದಿಗೂ ನನ್ನನ್ನು ನೋಯಿಸುತ್ತದೆ, ಏಕೆಂದರೆ ಅದು ಆಕೆ ಹೇಳಿದ್ದಕ್ಕೆ ಉತ್ತರವೇ ಆಗಿರಲಿಲ್ಲ.

ಶಸ್ತ್ರಚಿಕಿತ್ಸೆ ನಡೆದದ್ದು 2024ರ ಜನವರಿಯಲ್ಲಿ. ನಡುವಿನ ತಿಂಗಳುಗಳಲ್ಲಿ ವೈದ್ಯರನ್ನು ಕೇಳಿ, ಓದಿ, ತಪ್ಪು ಬಾಗಿಲನ್ನೂ ತಟ್ಟಿ ನಾವು ತಿಳಿದುಕೊಂಡದ್ದನ್ನು ಪರಿಚಿತರು ದನಿ ತಗ್ಗಿಸಿ ವಿಚಾರಿಸುತ್ತಲೇ ಇರುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ನಾನು ವೈದ್ಯೆಯಲ್ಲ; ಜೊತೆಗೆ ಹೋದವಳು, ರಾತ್ರಿ ಪಕ್ಕದಲ್ಲಿ ಕುಳಿತವಳು.

ತಪ್ಪು ಬಾಗಿಲಿನಿಂದಲೇ ಆರಂಭಿಸುತ್ತೇನೆ. ನಾವು ಮೊದಲು ಹೋದ ಕ್ಲಿನಿಕ್‌ನಲ್ಲಿ ವೈದ್ಯರ ಮುಖವನ್ನೇ ಕಾಣಲಿಲ್ಲ. ಸಲಹೆಗಾರರೆಂದು ಪರಿಚಯಿಸಿಕೊಂಡ ಯುವತಿ ನಲವತ್ತು ನಿಮಿಷ ಚಿತ್ರಗಳನ್ನು ತೋರಿಸಿ, ಬೆಳಿಗ್ಗೆ ಬಂದರೆ ಸಂಜೆ ಮೈಸೂರಿಗೆ ಮರಳಬಹುದೆಂದೂ, ಹತ್ತು ವಾರಗಳಲ್ಲಿ ಬರಲಿದ್ದ ಮಗನ ಮದುವೆಗೆ ಮುಖ ಸಿದ್ಧವಾಗಿರುತ್ತದೆಂದೂ, ಆ ವಾರವೇ ಮುಂಗಡ ಕಟ್ಟಿದರೆ ರಿಯಾಯಿತಿ ಇದೆಯೆಂದೂ ಹೇಳಿದರು. ಅಕ್ಕನ ಬಿ.ಪಿ. ಎಷ್ಟೆಂದು ಯಾರೂ ಕೇಳಲಿಲ್ಲ. ಸಕ್ಕರೆ ಕಾಯಿಲೆ ಇದೆಯೆಂದು ನಾನೇ ಹೇಳಿದಾಗ "ಅದೆಲ್ಲ ನೋಡ್ಕೋತಾರೆ" ಎಂಬ ಉತ್ತರ ಬಂತು. ಆ ಮಾತಿಗೆ ಅಕ್ಕ ಎದ್ದು ನಿಂತಳು. ಮಗನ ಮದುವೆ ಆಕೆಯ ಇದ್ದ ಮುಖದಲ್ಲೇ ಚೆನ್ನಾಗಿ ನಡೆಯಿತು.

ಆಮೇಲೆ ಸಿಕ್ಕ ಪ್ಲಾಸ್ಟಿಕ್ ಸರ್ಜನ್ ಮೊದಲ ಭೇಟಿಯಲ್ಲಿ ಅಕ್ಕನನ್ನು ಮಂಚದ ಮೇಲೆ ಅಂಗಾತ ಮಲಗಿಸಿ ಕೈಗನ್ನಡಿ ಕೊಟ್ಟರು. ಮಲಗಿದಾಗ ಕೆನ್ನೆಯ ಜೋಲು ಕಿವಿಯ ಕಡೆಗೆ ಸರಿಯುತ್ತದೆ. ಚಿಕಿತ್ಸೆಯಿಂದ ಏನು ಬದಲಾಗಬಹುದೆಂಬುದರ ಒಂದು ಅಂದಾಜು ಆ ಕನ್ನಡಿಯಲ್ಲಿ ಸಿಗುತ್ತದೆ, ಮಲಗಿದಾಗಲೂ ಹೋಗದೆ ಉಳಿಯುವುದು ಬಹುಮಟ್ಟಿಗೆ ಆಮೇಲೂ ಉಳಿಯುತ್ತದೆ ಎಂದರು. ನಂತರ ಅವರು ವಿವರಿಸಿದ್ದು ಹೀಗೆ. ಚರ್ಮದ ಅಡಿಯಲ್ಲಿ ಕೊಬ್ಬು, ಅದರ ಅಡಿಯಲ್ಲಿ ಸ್ನಾಯು ಮತ್ತು ಪೊರೆ ಸೇರಿದ ಒಂದು ಪದರವಿದೆ. 1976ರಲ್ಲಿ ಮಿಟ್ಜ್ ಮತ್ತು ಪೆಯ್ರೋನಿ ಎಂಬ ಫ್ರೆಂಚ್ ವೈದ್ಯರು ಅದನ್ನು ವಿವರಿಸಿದ ಮೇಲೆ ವೈದ್ಯರು ಅದನ್ನು ಸ್ಮಾಸ್ ಎಂದು ಕರೆಯುತ್ತಾರೆ. ಹಳೆಯ ಕಾಲದ ಚಿಕಿತ್ಸೆಯಲ್ಲಿ ಚರ್ಮವನ್ನು ಮಾತ್ರ ಎಳೆದು ಹೊಲಿಯುತ್ತಿದ್ದರು. ಅದು ಹಾಸಿಗೆಯ ಹತ್ತಿ ಒಂದು ಮೂಲೆಗೆ ಜಾರಿರುವಾಗ ಮೇಲಿನ ಬಟ್ಟೆಯನ್ನಷ್ಟೇ ಬಿಗಿದಂತೆ. ಮುಖ ಬಿಗಿದುಕೊಂಡಂತೆ ಕಾಣುತ್ತಿತ್ತು, ಚರ್ಮ ಹಿಗ್ಗಿ ಮತ್ತೆ ಬೇಗ ಸಡಿಲವಾಗುತ್ತಿತ್ತು, ಹೊಲಿಗೆಯ ಗುರುತು ಅಗಲವಾಗುತ್ತಿತ್ತು. ಈಗ ಎತ್ತಿ ಕಟ್ಟುವುದು ಒಳಗಿನ ಪದರವನ್ನು. 1990ರಲ್ಲಿ ಅಮೆರಿಕದ ಸ್ಯಾಮ್ ಹಾಮ್ರಾ ಪ್ರಕಟಿಸಿದ ಡೀಪ್ ಪ್ಲೇನ್ ವಿಧಾನ ಆ ಪದರದ ಅಡಿಗೇ ಹೋಗುತ್ತದೆ. ಯಾವ ಹೆಸರಿನ ವಿಧಾನ ಎಂಬುದಕ್ಕಿಂತ ಆ ವೈದ್ಯರ ಕೈಗೆ ಯಾವುದು ಚೆನ್ನಾಗಿ ಪಳಗಿದೆ ಎಂಬುದು ಮುಖ್ಯವೆಂದು ನನಗೆ ಮನವರಿಕೆಯಾಗಿದೆ.

ಇದರಿಂದ ಆಗದ ಕೆಲಸವೂ ಅಷ್ಟೇ ಇದೆ. ಫೇಸ್‌ಲಿಫ್ಟ್ ಸರಿಪಡಿಸುವುದು ಮುಖದ ಕೆಳಭಾಗದ ಮತ್ತು ಕುತ್ತಿಗೆಯ ಜೋಲನ್ನು. ತುಟಿಯ ಸುತ್ತಲಿನ ಸಣ್ಣ ಗೆರೆ, ಹಣೆಯ ಸುಕ್ಕು, ಕಣ್ಣಿನ ಕೆಳಗಿನ ಚೀಲ, ಕೆನ್ನೆಯ ಬಂಗು ಇವುಗಳಿಗೆ ಅದರಿಂದ ಉತ್ತರವಿಲ್ಲ. ಬತ್ತಿದ ಕೆನ್ನೆ ತುಂಬಬೇಕಾದರೆ ದೇಹದ ಬೇರೆ ಕಡೆಯ ಕೊಬ್ಬನ್ನು ತೆಗೆದು ಅಲ್ಲಿಗೆ ಸೇರಿಸುವಂಥ ಬೇರೆ ಚಿಕಿತ್ಸೆ ಬೇಕು. ವಯಸ್ಸಾಗುವುದಂತೂ ನಿಲ್ಲುವುದಿಲ್ಲ, ಏಳೆಂಟು ವರ್ಷದಿಂದ ಹತ್ತು ವರ್ಷದವರೆಗೆ ವ್ಯತ್ಯಾಸ ಕಾಣಬಹುದೆಂದು ನಮ್ಮ ವೈದ್ಯರು ಹೇಳಿದರು. (ನೆರೆಮನೆಯವರು ಕೇಳಿದಂತೆ ಮುಖದೊಳಗೆ ಪ್ಲಾಸ್ಟಿಕ್ ಇಡುವುದಿಲ್ಲ. ಆ ಪದ ಗ್ರೀಕ್‌ನದು, ಅಚ್ಚಿಗೆ ತರುವುದು, ರೂಪಿಸುವುದು ಎಂಬ ಅರ್ಥದ್ದು.)

ಅವರು ಮೊದಲ ದಿನವೇ ದಿನಾಂಕ ಕೊಡಲಿಲ್ಲ. ನನ್ನನ್ನು ಹೊರಗೆ ಕೂರಿಸಿ, ಇದನ್ನು ಬೇರೆ ಯಾರಾದರೂ ಬಯಸಿದ್ದಾರೆಯೇ ಎಂದು ಅಕ್ಕನೊಬ್ಬಳನ್ನೇ ಕೇಳಿದರು. ತೂಕ ಇನ್ನೂ ಇಳಿಯುತ್ತಿದ್ದರೆ ಚರ್ಮ ಮತ್ತೆ ಸಡಿಲವಾಗುವುದರಿಂದ ಆರು ತಿಂಗಳು ಒಂದೇ ತೂಕದಲ್ಲಿ ನಿಲ್ಲಬೇಕೆಂದರು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ, ಹೃದಯದ ಪರೀಕ್ಷೆ ಬರೆದುಕೊಟ್ಟು, ದಿನಕ್ಕೆರಡು ಬಾರಿ ಬಿ.ಪಿ. ಬರೆದಿಡಲು ಹೇಳಿದರು. ನಂತರ ಅಕ್ಕನ ಕಿವಿಗಳನ್ನು ಬಹಳ ಹೊತ್ತು ನೋಡಿದರು. ಕಿವಿ ಚುಚ್ಚಿಸಿಕೊಂಡ ಜಾಗದಲ್ಲಿ ಗಂಟು ಬೆಳೆದಿತ್ತೇ, ಹಳೆಯ ಗಾಯಗಳು ಉಬ್ಬಿ ನಿಂತಿವೆಯೇ ಎಂದು ಅವರು ಕೇಳಿದ್ದಕ್ಕೆ ಕಾರಣವಿದೆ: ನಮ್ಮಂಥ ಕಂದು ಚರ್ಮದವರಲ್ಲಿ ಗಾಯ ಗಂಟುಗಟ್ಟುವ, ಕಪ್ಪಾಗುವ ಸಂಭವ ಹೆಚ್ಚು, ಮತ್ತು ಫೇಸ್‌ಲಿಫ್ಟ್‌ನ ಕೊಯ್ತ ಹಣೆಯ ಪಕ್ಕದ ಕೂದಲಿನಿಂದ ಇಳಿದು, ಕಿವಿಯ ಮುಂದೆ ಹಾದು, ಕಿವಿಹಾಲೆಯನ್ನು ಸುತ್ತಿ, ಕಿವಿಯ ಹಿಂದಿನ ಕೂದಲಲ್ಲಿ ಮುಗಿಯುತ್ತದೆ. ಬಿಟ್ಟ ಕೂದಲು ಈ ಗೆರೆಯನ್ನು ಮುಚ್ಚುತ್ತದೆ. ಎಳೆದು ತುರುಬು ಕಟ್ಟುವವರು ಅದನ್ನು ಮೊದಲೇ ಹೇಳಿ, ಗೆರೆ ಎಲ್ಲಿ ಬರುತ್ತದೆಂದು ಪೆನ್ನಿನಲ್ಲಿ ಬರೆಸಿಕೊಂಡು ನೋಡಬೇಕು. ಗಂಡಸರಿಗಾದರೆ ಗಡ್ಡ ಬೆಳೆಯುವ ಚರ್ಮ ಕಿವಿಯ ಹತ್ತಿರಕ್ಕೆ ಸರಿಯುತ್ತದೆಂಬ ಮಾತೂ ಇದೆ.

ಎರಡನೆಯ ಭೇಟಿಯಲ್ಲಿ ನನಗೆ ಗೊತ್ತಿಲ್ಲದ ಸಂಗತಿಯೊಂದು ಹೊರಬಂತು. ಅಕ್ಕ ಊಟದ ನಂತರ ಎಲೆಅಡಿಕೆಯ ಜೊತೆ ಚೂರು ಹೊಗೆಸೊಪ್ಪು ಹಾಕಿಕೊಳ್ಳುತ್ತಿದ್ದಳು, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ವೈದ್ಯರು ಬೈಯಲಿಲ್ಲ. ಚರ್ಮವನ್ನು ಅಡಿಯಿಂದ ಬಿಡಿಸಿದಾಗ ಅದು ಅಂಚಿನ ಸಣ್ಣ ರಕ್ತನಾಳಗಳನ್ನೇ ನಂಬಿ ಬದುಕಬೇಕಾಗುತ್ತದೆ, ನಿಕೋಟಿನ್ ಆ ನಾಳಗಳನ್ನು ಕುಗ್ಗಿಸುತ್ತದೆ, ಹಾಗಾದಾಗ ಕಿವಿಯ ಹಿಂದಿನ ಚರ್ಮ ಕಪ್ಪಾಗಿ ಸತ್ತುಹೋಗಬಹುದು ಎಂದು ವಿವರಿಸಿದರು. ಸಿಗರೇಟು, ಬೀಡಿ ಸೇದುವವರಲ್ಲಿ ಈ ಅಪಾಯ ಹಲವು ಪಟ್ಟು ಹೆಚ್ಚು. ಕನಿಷ್ಠ ನಾಲ್ಕು ವಾರ ಮೊದಲು ಮತ್ತು ನಾಲ್ಕು ವಾರ ನಂತರ ಯಾವ ರೂಪದ ನಿಕೋಟಿನ್ ಕೂಡ ಇರಬಾರದು, ಚಟ ಬಿಡಿಸಲು ಕೊಡುವ ನಿಕೋಟಿನ್ ಚೂಯಿಂಗ್ ಗಮ್ಮೂ ಸೇರಿದಂತೆ. ಸಂಕೋಚದಿಂದ ಮುಚ್ಚಿಟ್ಟಿದ್ದರೆ ಅಕ್ಕನ ಗತಿ ಏನಾಗುತ್ತಿತ್ತೋ ಎಂದು ನೆನೆದರೆ ಇಂದಿಗೂ ಎದೆ ನಡುಗುತ್ತದೆ.

ಔಷಧಿಗಳ ವಿಷಯವೂ ಹಾಗೆಯೇ. ಆಸ್ಪಿರಿನ್, ಕೆಲವು ನೋವಿನ ಮಾತ್ರೆಗಳು, ವಿಟಮಿನ್ ಇ, ಮೀನೆಣ್ಣೆ, ಬೆಳ್ಳುಳ್ಳಿಯ ಕ್ಯಾಪ್ಸೂಲ್ ಇವೆಲ್ಲ ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಮನೆಯ ಡಬ್ಬಿಯಲ್ಲಿರುವ ಎಲ್ಲವನ್ನೂ, ಆಯುರ್ವೇದದ್ದನ್ನೂ, ಒಂದು ಚೀಲದಲ್ಲಿ ಹಾಕಿ ತೆಗೆದುಕೊಂಡು ಹೋಗಿ. ಆದರೆ ಹೃದಯಕ್ಕೆಂದು ಕೊಟ್ಟ ಮಾತ್ರೆಯನ್ನು ಹೃದಯದ ವೈದ್ಯರನ್ನು ಕೇಳದೆ ತಾವಾಗಿಯೇ ನಿಲ್ಲಿಸಬಾರದು.

ಯಾರ ಬಳಿ, ಎಲ್ಲಿ ಎಂಬ ಪ್ರಶ್ನೆಗೆ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟೆ. 2022ರ ಮೇ ತಿಂಗಳಲ್ಲಿ ಕಿರುತೆರೆಯ ಯುವನಟಿಯೊಬ್ಬರು ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡ ಸುದ್ದಿ ನಮ್ಮ ಮನಸ್ಸಿನಿಂದ ಮಾಸಿರಲಿಲ್ಲ. ಫಲಕದ ಮೇಲಿನ 'ಕಾಸ್ಮೆಟಿಕ್' ಎಂಬ ಪದದಿಂದ ವೈದ್ಯರ ಓದು ತಿಳಿಯುವುದಿಲ್ಲ. ಎಂ.ಬಿ.ಬಿ.ಎಸ್., ಅದರ ಮೇಲೆ ಮೂರು ವರ್ಷದ ಎಂ.ಎಸ್., ಅದರ ಮೇಲೆ ಮತ್ತೆ ಮೂರು ವರ್ಷ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಅದಕ್ಕೆ ಸಮನಾದ ಡಿ.ಎನ್.ಬಿ. ಮುಗಿಸಿದವರೇ ಎಂದು ಕೇಳಬೇಕು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನೂ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಆ ಆಸ್ಪತ್ರೆಗಿರುವ ನೋಂದಣಿಯನ್ನೂ ಕೇಳಬೇಕು. ವರ್ಷಕ್ಕೆ ಎಷ್ಟು ಫೇಸ್‌ಲಿಫ್ಟ್ ಮಾಡುತ್ತೀರಿ, ಅರಿವಳಿಕೆ ತಜ್ಞರು ಉದ್ದಕ್ಕೂ ಕೋಣೆಯಲ್ಲಿರುತ್ತಾರೆಯೇ, ತುರ್ತು ನಿಗಾ ಘಟಕ ಅದೇ ಕಟ್ಟಡದಲ್ಲಿದೆಯೇ, ರಾತ್ರಿ ಏನಾದರೂ ಆದರೆ ಯಾರು ಬರುತ್ತಾರೆ ಎಂದು ಅಕ್ಕ ಚೀಟಿಯಲ್ಲಿ ಬರೆದುಕೊಂಡು ಹೋಗಿ ಒಂದೊಂದಾಗಿ ಕೇಳಿದಳು. ವೈದ್ಯರು ಒಂದಕ್ಕೂ ಮುಖ ಗಂಟಿಕ್ಕಲಿಲ್ಲ.

ಖರ್ಚು ಲಕ್ಷಗಳ ಲೆಕ್ಕದ್ದು. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಇತ್ಯಾದಿಗಳ ನಂತರದ ದುರಸ್ತಿಯನ್ನು ಬಿಟ್ಟರೆ ಇಂಥ ಚಿಕಿತ್ಸೆ ಆರೋಗ್ಯ ವಿಮೆಯ ಹೊರಗೆ ಉಳಿಯುತ್ತದೆ. ಬಹುತೇಕ ವೈದ್ಯಕೀಯ ಸೇವೆಗೆ ಇಲ್ಲದ ಜಿ.ಎಸ್.ಟಿ. ಸೌಂದರ್ಯದ ಶಸ್ತ್ರಚಿಕಿತ್ಸೆಗೆ ಇದೆ. ನಮಗೆ ಬಿದ್ದದ್ದು ಶೇಕಡಾ 18, ಎಂದರೆ ಎರಡು ಲಕ್ಷಕ್ಕೆ 36,000 ರೂಪಾಯಿ. ತೊಡಕಾಗಿ ಮತ್ತೆ ಒಳಗೆ ಕರೆದೊಯ್ಯಬೇಕಾದರೆ ಆ ಖರ್ಚು ಯಾರದು ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ.

ಒಪ್ಪಿಗೆ ಪತ್ರ ಆರು ಪುಟಗಳ ಇಂಗ್ಲಿಷ್‌ನಲ್ಲಿತ್ತು. ಅಕ್ಕ ಕನ್ನಡ ಮೇಷ್ಟ್ರು. ಕನ್ನಡದಲ್ಲಿ ವಿವರಿಸದೆ ಸಹಿ ಹಾಕುವುದಿಲ್ಲ ಎಂದಳು. ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ, ಜೀವಕ್ಕೆ ಅಪಾಯವಿಲ್ಲದಿರುವಾಗ, ಇನ್ನೊಂದಕ್ಕೆ ಸಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಆದ್ದರಿಂದ ಏನೇನು ಮಾಡುತ್ತಾರೆ, ಏನನ್ನು ಮಾಡುವುದಿಲ್ಲ ಎಂಬುದು ಆ ಹಾಳೆಯಲ್ಲೇ ಇರಬೇಕು. ಒಬ್ಬ ಕಿರಿಯ ವೈದ್ಯೆ ಒಂದು ಗಂಟೆ ಕುಳಿತು ಸಾಲುಸಾಲಾಗಿ ಹೇಳಿದರು. ಮುಖದ ನರದ ಕವಲುಗಳಿಗೆ ಪೆಟ್ಟಾದರೆ ಹುಬ್ಬು ಅಥವಾ ತುಟಿಯ ಒಂದು ಬದಿ ಕೆಲಕಾಲ, ಅಪರೂಪಕ್ಕೆ ಶಾಶ್ವತವಾಗಿ, ಚಲಿಸದಿರಬಹುದು. ಕಿವಿಗೆ ಸ್ಪರ್ಶ ಕೊಡುವ ನರ ಅದಕ್ಕಿಂತ ಹೆಚ್ಚಾಗಿ ತೊಂದರೆಗೆ ಒಳಗಾಗುತ್ತದೆ.

ಶಸ್ತ್ರಚಿಕಿತ್ಸೆ ಐದು ಗಂಟೆ ನಡೆಯಿತು. ಸಂಜೆ ಅಕ್ಕನಿಗೆ ವಾಂತಿಯಾಗಿ ಬಿ.ಪಿ. ಏರಿತು. ರಾತ್ರಿ ಒಂಬತ್ತರ ಹೊತ್ತಿಗೆ "ಬಲಗಡೆ ಬಿಗೀತಿದೆ, ಎಡಗಡೆ ಹಾಗಿಲ್ಲ" ಎಂದಳು. ನರ್ಸ್ ಪಟ್ಟಿ ಬಿಚ್ಚಿ ನೋಡಿ ಒಂದು ಮಾತೂ ಆಡದೆ ಫೋನಿನ ಕಡೆಗೆ ಹೋದರು. ಮುಕ್ಕಾಲು ಗಂಟೆಯೊಳಗೆ ವೈದ್ಯರು ಬಂದು ಆಕೆಯನ್ನು ಮತ್ತೆ ಶಸ್ತ್ರಚಿಕಿತ್ಸೆಯ ಕೋಣೆಗೆ ಕರೆದೊಯ್ದರು. ಚರ್ಮದಡಿ ರಕ್ತ ಕಟ್ಟಿಕೊಳ್ಳುವುದು ಈ ಚಿಕಿತ್ಸೆಯಲ್ಲಿ ಅತಿ ಹೆಚ್ಚಾಗಿ ಕಾಣುವ ದೊಡ್ಡ ತೊಡಕು. ಬಹುತೇಕ ಮೊದಲ 24 ಗಂಟೆಗಳಲ್ಲೇ ಆಗುತ್ತದೆ, ಬಿ.ಪಿ. ಏರಿದವರಲ್ಲಿ ಮತ್ತು ಗಂಡಸರಲ್ಲಿ ಹೆಚ್ಚು. ಬೇಗ ತೆಗೆದರೆ ಚರ್ಮ ಉಳಿಯುತ್ತದೆ, ಬೆಳಗಿನವರೆಗೆ ಕಾದರೆ ಉಳಿಯದಿರಬಹುದು. ಅಕ್ಕನ ಚರ್ಮ ಉಳಿಯಿತು. ಹೊರಗೆ ಕಾಯುತ್ತಿದ್ದಾಗ ನನ್ನ ತಲೆಯಲ್ಲಿದ್ದದ್ದು ಒಂದೇ: ಮೊದಲ ಕ್ಲಿನಿಕ್‌ನವರ ಮಾತಿನಂತೆ ಆಗಿದ್ದರೆ ಆ ಹೊತ್ತಿಗೆ ನಾವು ಮೈಸೂರಿನ ದಾರಿಯಲ್ಲಿರುತ್ತಿದ್ದೆವು.

ನಾಲ್ಕನೆಯ ದಿನ ಮುಖ ಊದಿ, ಹಳದಿ ನೀಲಿ ಬಣ್ಣಕ್ಕೆ ತಿರುಗಿ, ಅಕ್ಕ ಕನ್ನಡಿಗೆ ಬಟ್ಟೆ ಹೊದಿಸಿದಳು. ಎರಡನೆಯ ವಾರ ಯಾಕಾದರೂ ಮಾಡಿಸಿಕೊಂಡೆನೋ ಎಂದು ಅತ್ತಳು. ಇದು ಅನೇಕರಿಗೆ ಆಗುತ್ತದೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರಿಂದ ನಾವು ಗಾಬರಿಯಾಗಲಿಲ್ಲ, ಆದರೆ ಆ ವಾರಗಳಲ್ಲಿ ಪಕ್ಕದಲ್ಲಿ ಒಬ್ಬರು ಇರಲೇಬೇಕು. ನೋಡಲು ಬಂದ ಹಿರಿಯರು ಬಿಸಿನೀರಿನ ಶಾಖ ಕೊಡಲು ಹೇಳುತ್ತಾರೆ, ಕೊಡಬಾರದು. ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಬಗ್ಗಿ ರಂಗೋಲಿ ಹಾಕುವುದು, ನೆಲಕ್ಕೆ ಹಣೆ ಮುಟ್ಟಿಸಿ ನಮಸ್ಕರಿಸುವುದು, ಭಾರ ಎತ್ತುವುದು ಕೆಲವು ವಾರ ಬೇಡ. ಕೂದಲಿಗೆ ಬಣ್ಣ ಹಚ್ಚುವವರು ಮೊದಲೇ ಹಚ್ಚಿಕೊಳ್ಳಬೇಕು, ಆಮೇಲೆ ಒಂದು ತಿಂಗಳಿಗೂ ಹೆಚ್ಚು ಕಾಯಬೇಕಾಗುತ್ತದೆ. ಬಿಸಿಲಿನಲ್ಲಿ ಗುರುತು ಕಪ್ಪಾಗುವುದರಿಂದ ಸನ್‌ಸ್ಕ್ರೀನ್ ಮತ್ತು ಸೆರಗು ಎರಡೂ ಬೇಕು. ಮೂರು ವಾರಕ್ಕೆ ಮನೆಯಿಂದ ಹೊರಗೆ ಬರುವಂತಾಯಿತು. ಮುಖ ನಿಜವಾಗಿ ನೆಲೆಗೊಳ್ಳಲು ಆರು ತಿಂಗಳಿಗಿಂತ ಹೆಚ್ಚೇ ಹಿಡಿಯಿತು.

ಈಗ ಹಳೆಯ ವಿದ್ಯಾರ್ಥಿಗಳು ಆರೋಗ್ಯ ವಿಚಾರಿಸುವುದಿಲ್ಲ, ಮಕ್ಕಳ ವಿಷಯ ಹೇಳುತ್ತಾರೆ. ಅಕ್ಕನಿಗೆ ಬೇಕಾಗಿದ್ದದ್ದು ಅಷ್ಟೇ. ಬಲಗಿವಿಯ ಹಾಲೆಗೆ ಮಾತ್ರ ಸ್ಪರ್ಶ ಪೂರ್ತಿಯಾಗಿ ಮರಳಿಲ್ಲ. ಒಮ್ಮೆ ಓಲೆ ಕಳಚಿ ಬಿದ್ದದ್ದು ಸಂಜೆಯವರೆಗೂ ತಿಳಿಯಲಿಲ್ಲ. ಅಂದಿನಿಂದ ತಿರುಪನ್ನು ಕನ್ನಡಿ ನೋಡಿಕೊಂಡೇ ಬಿಗಿಯುತ್ತಾಳೆ. ಬೇಸರವೇ ಎಂದು ಕೇಳಿದೆ. ಒಪ್ಪಿಗೆ ಪತ್ರದ ಮೂರನೆಯ ಪುಟದಲ್ಲಿ ಆ ಸಾಲು ಇತ್ತು, ಅದನ್ನು ಎರಡು ಸಲ ಹೇಳಿಸಿಕೊಂಡೇ ಸಹಿ ಹಾಕಿದ್ದೆ ಎಂದಳು.